ರೇಂಜ್ ಸಿಗುವ ಜಾಗ

ನಮ್ಮ ಕಡೆ ಮನೆಗೆ ಬಂದವರಿಗೆ ತಮಗೆ ಬೇಕಾದಲ್ಲಿ ಕೂರುವ ಸ್ವಾತಂತ್ರ್ಯವಿಲ್ಲ. ನೀವು ಪಾಪ, ಬಾಗಿಲ ಪಕ್ಕದ ಬೆಂಚಿನ ತುದಿಯಲ್ಲಿ ಸುಮ್ಮನೆ ಕುಳಿತು, ನೀರು ಕುಡಿದು, ಬಂದ ಕೆಲಸ ಮುಗಿಸಿ ಹೊರಡುವ ಎಂದುಕೊಂಡಿರುತ್ತೀರಿ. ಅಷ್ಟರಲ್ಲಿ, “ಅಯ್ಯೋ, ಅಲ್ಲಿ ಎಂತಕ್ಕೆ? ಇಲ್ಲಿ ಬನ್ನಿ, ಇಲ್ಲಿ ಗಾಳಿ ಉಂಟು” ಎಂದು ಮನೆಯವರು ನಿಮ್ಮನ್ನು ಎಬ್ಬಿಸುತ್ತಾರೆ. ಫ್ಯಾನಿನ ಕೆಳಗಿನ ಕುರ್ಚಿಯಲ್ಲಿ ಹಾಯಾಗಿ ಟಿವಿ ನೋಡುತ್ತಿದ್ದ ಅಜ್ಜನನ್ನೂ ಎಬ್ಬಿಸುತ್ತಾರೆ. ಅಜ್ಜ ಬೆಂಚಿಗೆ, ನೀವು ಕುರ್ಚಿಗೆ. ಮನೆಯಲ್ಲಿರುವ ಒಳ್ಳೆಯ ಲೋಟ, ಒಳ್ಳೆಯ ಬಾಳೆಹಣ್ಣು, ಒಳ್ಳೆಯ ಗಾಳಿ ಎಲ್ಲವೂ ಬಂದವರಿಗೆ. ಈ ಪದ್ಧತಿಯಿಂದ ಯಾರಿಗಾದರೂ ಹಾನಿಯಾದದ್ದನ್ನು ನಾನು ಕೇಳಿಲ್ಲ. ಹಾನಿಯಾದದ್ದು ನನ್ನ ಪಿಎಚ್‌ಡಿಗೆ ಮಾತ್ರ.

ನಾನು ಪುತ್ತೂರಿನ ಬಳಿಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಮತ್ತು ಸಂವಹನ ವಿಭಾಗದ ಮೇಷ್ಟ್ರು. ಸಂವಹನ ಕಲಿಸುವವನಿಗೆ ಸಂವಹನ ಬರಲೇಬೇಕೆಂದೇನೂ ಇಲ್ಲ ಎನ್ನುವುದು ನನ್ನ ಹೆಂಡತಿ ಶೈಲಜಾಳ ಅಭಿಪ್ರಾಯ. ಅವಳು ಅಂಗಡಿಗೆ ಹೇಳಿಕಳಿಸಿದ್ದು ಕೊತ್ತಂಬರಿ ಬೀಜ, ನಾನು ತಂದದ್ದು ಕೊತ್ತಂಬರಿ ಸೊಪ್ಪು, ಅದು ಹೇಗೋ ಪ್ರತಿ ಜಗಳದಲ್ಲೂ ಸಾಕ್ಷಿ ಹೇಳಲು ಬರುತ್ತದೆ. ಇರಲಿ. ನನ್ನ ಸಂಶೋಧನೆಯ ವಿಷಯ, ಗುಡ್ಡಗಳ ನಡುವಿನ ಮನೆಗಳಲ್ಲಿ ಮೊಬೈಲ್ ಸಿಗ್ನಲ್ ಎಷ್ಟು ಬಡವಾಗುತ್ತದೆ, ಅದನ್ನು ಕಂಪ್ಯೂಟರ್ ಮೊದಲೇ ಲೆಕ್ಕ ಹಾಕಿ ಹೇಳಬಹುದೇ ಎಂಬುದು. ಇದಕ್ಕೆ ನಾನು ಹೆಸರು ನೋಂದಾಯಿಸಿದಾಗ ಮಗಳು ಅಂಗನವಾಡಿಗೆ ಹೋಗುತ್ತಿದ್ದಳು. ಈಗ ಅವಳು ತನ್ನ ಗಣಿತದ ಲೆಕ್ಕಗಳನ್ನು ನನ್ನ ಬಳಿ ಕೇಳುವುದನ್ನು ಬಿಟ್ಟಿದ್ದಾಳೆ. ವಿಶ್ವವಿದ್ಯಾಲಯದವರು ಅವಧಿ ವಿಸ್ತರಿಸಿ ವಿಸ್ತರಿಸಿ ಅವರಿಗೂ ಸಾಕಾಗಿ, ಇದೇ ಕೊನೆಯದು, ಇನ್ನು ಸಮಿತಿ ಒಪ್ಪದಿದ್ದರೆ ನೋಂದಣಿ ರದ್ದು ಎಂದು ತಿಳಿಸಿದ್ದರು. ನನಗೆ ನಿಜಕ್ಕೂ ಹೆದರಿಕೆಯಾಗಿತ್ತು. ಇಷ್ಟು ವರ್ಷ ಮದುವೆ ಊಟದ ಪಂಕ್ತಿಯಲ್ಲಿ, ಪಿಎಚ್‌ಡಿ ಆಯ್ತಾ ಎಂದು ಕೇಳಿದ ಎಡಗಡೆಯವರಿಗೂ ಬಲಗಡೆಯವರಿಗೂ “ಆಗ್ತಾ ಬಂತು” ಎಂದು ಹೇಳಿಕೊಂಡು ಬಂದವನು, ಇನ್ನು ಮೇಲೆ ಏನು ಹೇಳಲಿ?

ಹಾಗಾಗಿ ಪ್ರತಿ ಭಾನುವಾರ ಅಳತೆಯ ಪೆಟ್ಟಿಗೆಯನ್ನು ಬೈಕಿಗೆ ಕಟ್ಟಿ ಹೊರಡುತ್ತಿದ್ದೆ. ಊಟದ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆ, ಅದರ ತಲೆಯಲ್ಲೊಂದು ಬೆರಳುದ್ದದ ಆಂಟೆನಾ. ಮನೆಯ ಚಾವಡಿಯ, ಅಂದರೆ ಎದುರಿನ ಹಜಾರದ, ನಡುವೆ ಇಟ್ಟು ಅಳೆಯಬೇಕು ಎಂದು ನಿಯಮ. ನಿಯಮ ಬರೆದದ್ದೂ ನಾನೇ.

ಮೊದಲ ಮನೆ ಕಾಣಿಯೂರಿನ ಕುಶಾಲಪ್ಪಣ್ಣನದು. ಗೇಟಿನಲ್ಲೇ ಕೇಳಿದರು, “ಟವರ್ ಹಾಕ್ಲಿಕ್ಕೆ ಬಂದದ್ದಾ?”

“ಅಲ್ಲ, ಸಂಶೋಧನೆ.”

“ಅದೇ. ಸಂಶೋಧನೆ ಆದ ಮೇಲೆ ಟವರ್ ಅಲ್ವಾ? ಬನ್ನಿ ಬನ್ನಿ. ನಮ್ಮಲ್ಲಿ ಭಾರಿ ಕಷ್ಟ ಉಂಟು.”

ನಾನು ಚಾವಡಿಯ ಟೀಪಾಯಿಯ ಮೇಲೆ ಪೆಟ್ಟಿಗೆ ಇಟ್ಟೆನೋ ಇಲ್ಲವೋ, ಅವರಿಗೆ ಸಂಕಟವಾಯಿತು. “ಇಲ್ಲಿ ಎಂತ ಸಿಗುದು ಮಾರಾಯ್ರೆ? ಕೊಡಿ ಇಲ್ಲಿ” ಎಂದು ಪೆಟ್ಟಿಗೆಯನ್ನು ಎತ್ತಿಕೊಂಡು, ನೆಂಟರ ಚೀಲ ಹೊತ್ತವರ ಹಾಗೆ ಮುಂದೆ ಮುಂದೆ ನಡೆದರು. ಅಂಗಳ ದಾಟಿ, ಒಲೆಯ ಸೌದೆ ದಾಟಿ, ದನದ ಹಟ್ಟಿಯ ಮೂಲೆಗೆ ಬಂದೆವು. ಅಲ್ಲಿ ಕಂಬಕ್ಕೆ ಸರಿಗೆಯಲ್ಲಿ ಕಟ್ಟಿದ ಒಂದು ತೆಂಗಿನ ಗೆರಟೆ. ಗೆರಟೆಯೊಳಗೆ ಅವರ ಮೊಬೈಲ್. ಕುಶಾಲಪ್ಪಣ್ಣ ತಮ್ಮ ಮೊಬೈಲನ್ನು ಅಲ್ಲಿಂದ ಎಬ್ಬಿಸಿ ನನ್ನ ಪೆಟ್ಟಿಗೆಯನ್ನು ಗೆರಟೆಯ ಮೇಲೆ ಕೂರಿಸಿದರು. ಪರದೆಯ ಮೇಲೆ ಗೀಟುಗಳು ಸರಸರನೆ ಏರಿದವು. “ಹೇಗೆ?” ಎಂದು ನನ್ನ ಮುಖ ನೋಡಿದರು. ಆ ಹೆಮ್ಮೆಯನ್ನು ನೋಡಿದ ಮೇಲೆ, ಇಲ್ಲ ಸ್ವಾಮಿ, ನನ್ನನ್ನು ಪುನಃ ಚಾವಡಿಗೆ ಬಿಡಿ ಎಂದು ಹೇಳುವುದು ಯಾವ ಮರ್ಯಾದೆ? ಟವರ್ ಬೇಕು ಎಂದು ಬೇಡಿದವರೇ, ಟವರ್ ಬೇಡವೆಂದು ತೋರಿಸುವ ಜಾಗಕ್ಕೆ ನನ್ನನ್ನು ಕರೆದುಕೊಂಡು ಬಂದಿದ್ದರು. ಅದು ಅವರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಹಟ್ಟಿಯೂ ಮನೆಯೇ ತಾನೆ ಎಂದುಕೊಂಡು ಗುರುತು ಹಾಕಿಕೊಂಡೆ.

ಕಬಕದಿಂದ ಒಳಗೆ, ತಗ್ಗಿನಲ್ಲಿರುವ ಹಸೈನಾರ್ ಹಾಜಿಯವರ ಮನೆಯಲ್ಲಿ ನನ್ನನ್ನು ನೇರ ತಾರಸಿಗೆ ಹತ್ತಿಸಿದರು. ನೀರಿನ ಟ್ಯಾಂಕಿನ ಪಕ್ಕ ಒಂದು ಪ್ಲಾಸ್ಟಿಕ್ ಕುರ್ಚಿ. ಯಾರೂ ಕೊಂಡೊಯ್ಯಬಾರದೆಂದು ಅದನ್ನು ಟ್ಯಾಂಕಿನ ಪೈಪಿಗೆ ಹಗ್ಗದಲ್ಲಿ ಕಟ್ಟಿದ್ದರು. ಮನೆಯವರು ಅದನ್ನು ದುಬೈ ಕುರ್ಚಿ ಎನ್ನುತ್ತಿದ್ದರು, ಏಕೆಂದರೆ ದುಬೈಯಲ್ಲಿರುವ ಮಗನ ಜೊತೆ ಮಾತಾಡಲು ಅಲ್ಲೇ ಕೂರಬೇಕು. ಹಾಜಿಯವರ ಹೆಂಡತಿ ಅದರಲ್ಲಿ ಕುಳಿತು ಮಗನಿಗೆ ಏನೋ ಬುದ್ಧಿ ಹೇಳುತ್ತಿದ್ದವರು, “ಮಾಷ್ಟ್ರು ಬಂದಿದ್ದಾರೆ, ಇಡ್ತೇನೆ” ಎಂದು ದುಬೈಯನ್ನು ಕತ್ತರಿಸಿ ಎದ್ದರು. ಪೆಟ್ಟಿಗೆ ಕುರ್ಚಿಯಲ್ಲಿ ಕುಳಿತಿತು. ಹಾಜಿಯವರು ಪರದೆಯನ್ನು ಬಗ್ಗಿ ನೋಡಿ ಗಾಬರಿಯಾದರು.

“ಎಂತ ಮಾಷ್ಟ್ರೆ, ಮೈನಸ್ ತೋರಿಸ್ತದೆ?”

ಈ ಸಿಗ್ನಲ್ ಎಂಬುದನ್ನು ನಮ್ಮ ಶಾಸ್ತ್ರದಲ್ಲಿ ಅಳೆಯುವುದೇ ಮೈನಸ್ಸಿನಲ್ಲಿ. ಮೈನಸ್ ಕಡಿಮೆಯಾದಷ್ಟೂ ಒಳ್ಳೆಯದು. ಇದನ್ನು ಮೂರನೇ ಸೆಮಿಸ್ಟರಿನ ಮಕ್ಕಳಿಗೆ ಅರ್ಥ ಮಾಡಿಸಲು ನನಗೆ ಒಂದು ವಾರ ಬೇಕಾಗುತ್ತದೆ. “ಎಲ್ಲರಿಗೂ ಮೈನಸ್ಸೇ ಹಾಜಿಯವರೇ” ಎಂದೆ.

“ಪಕ್ಕದ ಮನೆಯವರಿಗೆ?”

“ಅವರಿಗೆ ಇನ್ನೂ ಹೆಚ್ಚು ಮೈನಸ್.”

“ಹಾಗಾದ್ರೆ ತೊಂದರೆ ಇಲ್ಲ” ಎಂದು ಹಾಜಿಯವರು ಸಮಾಧಾನಗೊಂಡು ಶರಬತ್ತು ತರಿಸಿದರು.

ಆಲೆಟ್ಟಿಯ ನಿವೃತ್ತ ಟೀಚರ್ ಪದ್ಮಾವತಿಯಮ್ಮ ನನ್ನನ್ನು ಅಡುಗೆಮನೆಯ ಕಿಟಕಿಗೆ ಕರೆದೊಯ್ದರು. ಅಲ್ಲಿ ಒಂದು ಸ್ಟೀಲ್ ಲೋಟದಲ್ಲಿ ಅವರ ಮೊಬೈಲ್ ನೆಟ್ಟಗೆ ನಿಂತಿತ್ತು. “ಲೋಟದಲ್ಲಿ ನಿಲ್ಲಿಸಿದ್ರೆ ಸಿಗ್ತದೆ, ಮಲಗಿಸಿದ್ರೆ ಇಲ್ಲ” ಎಂದು ಪಾಠ ಹೇಳಿದರು. ಲೋಹದ ಲೋಟದೊಳಗೆ ಸಿಗ್ನಲ್ ಕುಗ್ಗಬೇಕು ಎಂದು ನಾನು ವರ್ಷ ವರ್ಷವೂ ಬೋರ್ಡಿನ ಮೇಲೆ ಬರೆಯುವವನು. ಆದರೆ ನಿವೃತ್ತ ಟೀಚರರ ಎದುರು ವಾದಿಸುವ ಧೈರ್ಯ ನನಗೆ ಒಂದನೇ ತರಗತಿಯಿಂದಲೂ ಇಲ್ಲ. ಅವರು ನನ್ನ ಪೆಟ್ಟಿಗೆಗೆಂದು ದೊಡ್ಡದೊಂದು ಪಾತ್ರೆಯನ್ನೇ ತೊಳೆದು ತಂದರು.

ಹೀಗೆ ಮನೆ ಮನೆ ತಿರುಗಿ, ಬೊಜ್ಜು ಸಾಕಷ್ಟು ಬೆಳೆಸಿಕೊಂಡು, ಕೊನೆಗೆ ಫಲಿತಾಂಶ ನೋಡಿದರೆ ನನಗೇ ರೋಮಾಂಚನ. ಕಂಪ್ಯೂಟರಿನ ಲೆಕ್ಕದ ಪ್ರಕಾರ ಈ ಮನೆಗಳಲ್ಲಿ ಸಿಗ್ನಲ್ ಸಾಯಬೇಕು. ನನ್ನ ಅಳತೆಯಲ್ಲಿ ಎಲ್ಲಾ ಕಡೆ ಅದು ಗುಂಡುಕಲ್ಲಿನ ಹಾಗೆ ಇತ್ತು. ಗುಡ್ಡಗಳು ಸಿಗ್ನಲನ್ನು ತಡೆಯುತ್ತವೆ ಎಂದು ಜಗತ್ತು ಇಷ್ಟು ದಿನ ತಪ್ಪು ತಿಳಿದಿತ್ತು! ವಿದೇಶದ ಪತ್ರಿಕೆಗಳಲ್ಲಿ ನನ್ನ ಹೆಸರು ಅಚ್ಚಾದದ್ದು ಕಣ್ಣಿಗೆ ಕಟ್ಟಿತು. ಯಾವ ಫೋಟೋ ಕೊಡುವುದು ಎಂದು ಶೈಲಜಾಳ ಬಳಿ ಕೇಳಿದೆ. “ಮೊದಲು ಮುಗೀಲಿ” ಎಂದಳು. ಎಲ್ಲವನ್ನೂ ಬರೆದು ನನ್ನ ಮಾರ್ಗದರ್ಶಕಿಗೆ ಕಳಿಸಿದೆ.

ಮಾರ್ಗದರ್ಶಕಿ ಮೈಸೂರು ಕಡೆಯವರು, ನಮಗೆಲ್ಲ ಮೇಡಂ. ಮರುದಿನ ಸಂಜೆಯೇ, ನಾನು ಅಂಗಳದಲ್ಲಿದ್ದಾಗ, ಫೋನ್ ಮಾಡಿದರು. “ಎಲ್ಲಿದ್ದೀರಾ? ಧ್ವನಿ ಕಟ್ಟಾಗ್ತಾ ಇದೆ.”

“ಒಂದು ನಿಮಿಷ ಮೇಡಂ” ಎಂದು ಓಡಿಹೋಗಿ ಬಾವಿಕಟ್ಟೆಯ ಮೇಲೆ ಕುಳಿತೆ. “ಈಗ ಕೇಳ್ತದಾ?”

“ಈಗ ಚೆನ್ನಾಗಿ ಕೇಳಿಸ್ತಾ ಇದೆ. ಎಲ್ಲಿಗೆ ಹೋದ್ರಿ?”

“ಬಾವಿಕಟ್ಟೆಗೆ ಮೇಡಂ. ನಮ್ಮ ಮನೆಯಲ್ಲಿ ಇಲ್ಲಿ ಮಾತ್ರ ರೇಂಜ್ ಸಿಗುದು.”

ಮೇಡಂ ಬಹಳ ಮೆಲ್ಲಗೆ ಕೇಳಿದರು, “ಉಳಿದವರ ಮನೆಗಳಲ್ಲಿ ಪೆಟ್ಟಿಗೆ ಎಲ್ಲಿ ಇಟ್ಟಿದ್ರಿ?”

ಹಟ್ಟಿ, ಟ್ಯಾಂಕು, ಲೋಟ. ಒಂದೊಂದನ್ನೇ ಹೇಳುತ್ತಾ ಹೋದ ಹಾಗೆ ನನಗೂ ವಿಷಯ ಹೊಳೆಯಿತು. ಬಾವಿಯ ಒಳಗೆ ಬೀಳದೆ ಹೊರಗೆ ಇಳಿದದ್ದೇ ಪುಣ್ಯ. ನಾನು ಇಷ್ಟು ದಿನ ಅಳೆದದ್ದು ಸಿಗ್ನಲನ್ನಲ್ಲ, ಉಪಚಾರವನ್ನು. ಸಮಿತಿ ಸೇರಲು ಎರಡು ವಾರ ಉಳಿದಿತ್ತು.

ಕಾಲೇಜಿಗೆ ರಜೆ ಹಾಕಿ ಎಲ್ಲಾ ಮನೆಗಳಿಗೆ ಪುನಃ ಹೋದೆ. ಚಾವಡಿಯಲ್ಲೇ ಅಳೆಯಬೇಕು ಎಂದರೆ ಯಾರೂ ಒಪ್ಪಲೊಲ್ಲರು. ದುಬೈ ಕುರ್ಚಿಯಲ್ಲಿ ಏನು ಕೊರತೆಯಾಯಿತು ಎಂದು ಹಾಜಿಯವರಿಗೆ ಬೇಸರ. ಕುಶಾಲಪ್ಪಣ್ಣನಂತೂ ಬಾಗಿಲಿಗೆ ಅಡ್ಡ ನಿಂತರು. “ನೋಡಿ, ಮಗನಿಗೆ ಹುಡುಗಿ ನೋಡುದು ಉಂಟು. ಬರುವ ವಾರ ಹುಡುಗಿ ಕಡೆಯವರು ಬರ್ತಾರೆ. ಈಗ ಎಲ್ಲರೂ ಮೊದಲು ಕೇಳುದೇ ರೇಂಜ್ ಉಂಟಾ ಅಂತ. ನೀವು ಇಲ್ಲ ಅಂತ ಬರೆದು ಅದನ್ನು ಅವರು ಓದಿದ್ರೆ?”

“ಕುಶಾಲಪ್ಪಣ್ಣ, ಪಿಎಚ್‌ಡಿ ಪ್ರಬಂಧವನ್ನು ಯಾರೂ ಓದುದಿಲ್ಲ” ಎಂದೆ. ನನ್ನ ವೃತ್ತಿಜೀವನದಲ್ಲಿ ಅಷ್ಟು ಪ್ರಾಮಾಣಿಕವಾದ ಮಾತನ್ನು ನಾನು ಬೇರೆ ಆಡಿಲ್ಲ. ಅವರು ಸ್ವಲ್ಪ ಯೋಚಿಸಿ ದಾರಿ ಬಿಟ್ಟರು. ಚಾವಡಿಯಲ್ಲಿ ಪೆಟ್ಟಿಗೆ ಸತ್ತ ಹಾಗೆ ಮಲಗಿತ್ತು. ಅದನ್ನು ನೋಡಲಾಗದೆ ಅವರು ಒಳಗೆ ಹೋದರು.

ಸಮಿತಿಯ ದಿನ ಬಂತು. ಎರಡೂ ಅಳತೆಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ತೋರಿಸಿ ಎಂದಿದ್ದರು ಮೇಡಂ. ಹೊರಗಿನ ಪರೀಕ್ಷಕರು ನಗುವುದೇ ಇಲ್ಲ ಎಂದು ಹೆಸರಾದ ಪ್ರಾಧ್ಯಾಪಕರು. ದೂರದ ನಗರದಲ್ಲಿರುವ ತಮ್ಮ ಫ್ಲ್ಯಾಟಿನಿಂದಲೇ ಆನ್‌ಲೈನಿನಲ್ಲಿ ಕೂತಿದ್ದರು. ನನ್ನ ಚಿತ್ರಗಳನ್ನೆಲ್ಲ ನೋಡಿ ಹುಬ್ಬು ಗಂಟಿಕ್ಕಿದರು. “ಒಂದೇ ಮನೆ, ಒಂದೇ ಪೆಟ್ಟಿಗೆ. ಹಟ್ಟಿಯಲ್ಲಿ ಪೂರ್ತಿ ಇದೆ, ಚಾವಡಿಯಲ್ಲಿ ಏನೂ ಇಲ್ಲ. ಒಂದೇ ಮನೆಯೊಳಗೆ ಇಷ್ಟು ವ್ಯತ್ಯಾಸ ಅಂದ್ರೆ ನಂಬೋದು ಹೇಗ್ರೀ? ನನ್ನ ಪ್ರಕಾರ ಇದನ್ನ…”

ಅಲ್ಲಿಗೆ ಅವರ ಬಾಯಿ ತೆರೆದದ್ದು ತೆರೆದ ಹಾಗೇ ನಿಂತಿತು. ಚಿತ್ರ ಅಲುಗಲಿಲ್ಲ. ಇದನ್ನ ಏನು? ಒಪ್ಪುವುದೋ, ಎಸೆಯುವುದೋ? ನನ್ನ ಇಷ್ಟು ವರ್ಷಗಳ ಬದುಕು ಆ ತೆರೆದ ಬಾಯಿಯೊಳಗೆ ಸಿಕ್ಕಿಕೊಂಡಿತ್ತು. ಆಮೇಲೆ ಧ್ವನಿ ಮಾತ್ರ ತುಂಡು ತುಂಡಾಗಿ ಬಂತು, “ಹಲೋ? ಇರಿ, ಇರಿ.” ಪರದೆಯ ಮೇಲೆ ಒಂದು ಫ್ಯಾನ್ ಕಾಣಿಸಿತು, ಆಮೇಲೆ ಫ್ರಿಜ್ಜು, ಚಪ್ಪಲಿ ಸ್ಟ್ಯಾಂಡು, ಒಂದು ಬಾಗಿಲು. ಕೊನೆಗೆ ಬಾಲ್ಕನಿಯ ಕಂಬಿಯೂ ಒಣಹಾಕಿದ ಬನಿಯನುಗಳೂ, ಅವುಗಳ ನಡುವೆ ಪ್ರಾಧ್ಯಾಪಕರ ಮುಖವೂ ಸ್ಪಷ್ಟವಾಗಿ ಮೂಡಿದವು. “ಹಾಂ, ಈಗ ಸರಿಯಾಯ್ತು. ನಮ್ಮ ಮನೇಲಿ ಇಲ್ಲೇ ಚೆನ್ನಾಗಿ ಸಿಗೋದು.”

ಇತ್ತ ಕೋಣೆಯಲ್ಲಿ ಮೇಡಂ ತಲೆ ತಗ್ಗಿಸಿ ಕಾಗದ ಹುಡುಕುತ್ತಿದ್ದರು, ಆದರೆ ಅವರ ಭುಜ ಕುಣಿಯುತ್ತಿತ್ತು. ಪ್ರಾಧ್ಯಾಪಕರು ಹಿಂದೆ ತಿರುಗಿ ಬನಿಯನುಗಳನ್ನು ನೋಡಿದರು. ಮುಂದೆ ತಿರುಗಿ ನನ್ನನ್ನು ನೋಡಿದರು. “ನಾನು ಎಲ್ಲಿಗೆ ನಿಲ್ಲಿಸಿದ್ದೆ?” ಎಂದರು.

“ಒಂದೇ ಮನೆಯೊಳಗೆ ಇಷ್ಟು ವ್ಯತ್ಯಾಸ ನಂಬೋದು ಹೇಗೆ ಅಂತ ಕೇಳಿದ್ರಿ ಸರ್.”

ನಗದವರು ನಕ್ಕುಬಿಟ್ಟರು. “ಆ ವ್ಯತ್ಯಾಸವನ್ನೇ ಒಂದು ಅಧ್ಯಾಯ ಮಾಡಿ. ಒಂದು ಮನೆಯನ್ನು ನಿಮ್ಮ ಮೇಡಂ ಖುದ್ದಾಗಿ ಅಳೆದು ನೋಡಲಿ. ಮುಂದುವರಿಸಿ” ಎಂದು ಒಪ್ಪಿಗೆ ಕೊಟ್ಟರು.

ಹೊರಗೆ ಬಂದು ಕಾರಿಡಾರಿನಲ್ಲಿ ನಿಂತಾಗ ಹೋದ ಜೀವ ಬಂದಂತಾಯಿತು. ವರ್ಷಗಟ್ಟಲೆ ಎದೆಯ ಮೇಲೆ ಕೂತಿದ್ದದ್ದು ಎದ್ದು ಹೋಗಿತ್ತು. ಕ್ಯಾಂಟೀನಿಗೆ ಹೋಗಿ ಗೋಳಿಬಜೆ ತಿಂದೆ, ಸಾಲದೆಂದು ಇನ್ನೊಂದು ಪ್ಲೇಟು ತಿಂದೆ, ಪಕ್ಕದಲ್ಲಿ ಕುಳಿತ ಅಪರಿಚಿತನಿಗೂ ಸುಮ್ಮನೆ ನಗೆ ಬೀರಿದೆ. ಅದೇ ವಾರ ಕುಶಾಲಪ್ಪಣ್ಣನ ಫೋನ್ ಬಂತು. ಹುಡುಗಿ ಕಡೆಯವರಿಗೆ ಕುರ್ಚಿಗಳನ್ನು ಹಟ್ಟಿಯ ಪಕ್ಕದಲ್ಲೇ ಹಾಕಿಸಿದ್ದರಂತೆ. “ಒಬ್ಬೊಬ್ಬರ ಮೊಬೈಲೂ ಕುಂಯ್ ಕುಂಯ್ ಹೇಳ್ಲಿಕ್ಕೆ ಸುರು ಆಯ್ತು ಮಾರಾಯ್ರೆ! ಹುಡುಗಿ ಒಪ್ಪಿದಳು. ಮದುವೆಗೆ ಬರ್ಬೇಕು ಆಯ್ತಾ?” ಆ ಮದುವೆಯ ಪಂಕ್ತಿಯಲ್ಲಿ ಎಡಬಲದವರಿಗೆ ಹೇಳಲು ನನ್ನ ಬಳಿ ಈಗ ಉತ್ತರವಿತ್ತು.

ಉಳಿದದ್ದು ಮೇಡಂ ಅಳೆಯಬೇಕಾದ ಆ ಒಂದು ಮನೆ. ಪುತ್ತೂರಿಗೆ ಹತ್ತಿರವಾಗುತ್ತದೆ ಎಂದು ಅವರು ನಮ್ಮ ಮನೆಯನ್ನೇ ಆರಿಸಿಕೊಂಡರು. ಬಾಯಿ ಬಿಡಬಾರದು ಎಂದು ನಾನು ಬೆಳಗಿನಿಂದಲೇ ನಿಶ್ಚಯ ಮಾಡಿದ್ದೆ. ಮೇಡಂ ಬಂದರು, ಶರಬತ್ತು ಕುಡಿದರು, ಚಾವಡಿಯ ನಡುವೆ ಪೆಟ್ಟಿಗೆ ಇಟ್ಟರು. ಪರದೆಯಲ್ಲಿ ಒಂದು ಗೀಟೂ ಇಲ್ಲ. ನನಗೆ ಬೇಕಾದದ್ದೂ ಅದೇ, ನನ್ನ ಅಧ್ಯಾಯ ನಿಂತಿರುವುದೂ ಅದರ ಮೇಲೆಯೇ. ಆದರೆ ನಮ್ಮ ಮನೆಗೆ ಮೊದಲ ಸಲ ಬಂದ ಹಿರಿಯರು ಬೋಳು ಪರದೆಯನ್ನು ನೋಡುತ್ತಾ ಕುಳಿತದ್ದನ್ನು ನಾನು ಎಷ್ಟು ಹೊತ್ತು ಸಹಿಸಲಿ? ಕುರ್ಚಿಯ ತುದಿಗೆ ಸರಿದೆ, ಕೆಮ್ಮಿದೆ, ಬಾಗಿಲ ಕಡೆ ನೋಡಿದೆ.

“ಮೇಡಂ” ಎಂದೆ. “ಅಲ್ಲಿ ಎಂತಕ್ಕೆ? ಇಲ್ಲಿ ಬನ್ನಿ.”

ಮೇಡಂ ತಲೆಯೆತ್ತಿ ನನ್ನನ್ನು ನೋಡಿದರು. ಅವರು ಏನಾದರೂ ಹೇಳುವ ಮೊದಲೇ ಅಂಗಳದಿಂದ ಶೈಲಜಾಳ ಧ್ವನಿ ಕೇಳಿಸಿತು. “ಬಾವಿ ಹತ್ರ ಕುರ್ಚಿ ಹಾಕಿ ಆಯ್ತು, ಮೇಡಂನ ಕರ್ಕೊಂಡು ಬನ್ನಿ.”

ಮೇಡಂ ಎದ್ದರು. ಪೆಟ್ಟಿಗೆಯನ್ನು ನಾನೇ ಎತ್ತಿಕೊಂಡು ಮುಂದೆ ಮುಂದೆ ನಡೆದೆ.