ಮುಖ ನೋಡದ ಮಾವ, ಬಾಗಿಲು ನೋಡುವ ಕ್ಯಾಮೆರಾ

ನಮ್ಮ ಸೋದರಮಾವನಷ್ಟು ಆಡಿದ ಮಾತಿಗೆ ತಪ್ಪದ ಮನುಷ್ಯ ಕೊಳ್ಳೇಗಾಲದ ಸೀಮೆಯಲ್ಲಿ ಇನ್ನೊಬ್ಬರಿಲ್ಲ. ಹೊಗಳುತ್ತಿದ್ದೇನೆ ಅಂದುಕೊಂಡಿರಾ? ಖಂಡಿತ ಇಲ್ಲ, ನಮ್ಮ ಕಷ್ಟ ಹೇಳಿಕೊಳ್ಳುತ್ತಿದ್ದೇನೆ! ಒಂದು ಸಲ ಅತ್ತೆಯ ಮೇಲೆ ಸಿಟ್ಟು ಬಂದು, "ಇನ್ನು ನಿನ್ನ ಕೈಯ ಕಾಪಿ ಮುಟ್ಟಾಕಿಲ್ಲ" ಅಂದುಬಿಟ್ಟರು. ಅವತ್ತಿನಿಂದ ಅದೇ ಕೈಯ ಟೀ ಕುಡಿಯುತ್ತಿದ್ದಾರೆ. ಟೀ ಕಂಡರೆ ಅವರಿಗಾಗದು. ಆದರೂ ಮಾತು ಅಂದರೆ ಮಾತು.

ಇಂಥವರು ಆಣೆ ಮಾಡಿದರೆ ಗತಿಯೇನು? ಮಾಡಿದರು, ಅದೂ ನನ್ನ ಮದುವೆಯ ದೆಸೆಯಿಂದ.

ಮದುವೆಯೇನೋ ಚೆನ್ನಾಗಿಯೇ ಆಯಿತು. ಕೆಟ್ಟಿದ್ದು ಆಲ್ಬಮ್ಮಿನಲ್ಲಿ. ನಮ್ಮ ಕಡೆ ಸೋದರಮಾವನೆಂದರೆ ಅರ್ಧ ಮದುವೆ ಅವನದೇ. ನನ್ನನ್ನು ಹಸೆಮಣೆಗೆ ಕರೆತಂದವರು ಅವರು, ಧಾರೆಯ ಹೊತ್ತಿಗೆ ಪಕ್ಕದಲ್ಲಿ ನಿಂತವರು ಅವರು. ಆ ಫೋಟೋದ ಪುಣ್ಯಾತ್ಮ ಅದು ಹೇಗೋ ಅವರ ಮುಖವೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಹಿಡಿದಿದ್ದ. ಒಂದರಲ್ಲಿ ಮೊಣಕೈ. ಇನ್ನೊಂದರಲ್ಲಿ ಪೇಟದ ತುದಿ. ಧಾರೆಯ ಫೋಟೋದಲ್ಲಂತೂ ಮುಖವಿರಬೇಕಾದ ಜಾಗಕ್ಕೆ ಸರಿಯಾಗಿ ಒಂದು ಬಾಳೆ ಎಲೆ! ಮಾವ ಆಲ್ಬಮ್ಮನ್ನು ಕೊನೆಯವರೆಗೂ ಮಗುಚಿ ನೋಡಿ, ಮುಚ್ಚಿಟ್ಟು, ಅಮ್ಮನನ್ನು ಕೇಳಿದರು:

"ಈ ಫೋಟೋದವನ್ನ ಗೊತ್ತು ಮಾಡ್ದೋರು ಯಾರು?"

"ನಾನೇಯ ಕಣಣ್ಣ," ಅಂದಳು ಅಮ್ಮ.

"ಅಂಗಾದ್ರೆ ನನ್ನ ಮುಕ ನಿಂಗೆ ಬ್ಯಾಡ. ಇನ್ನು ನಿನ್ನ ಮುಕ ನಾನು ನೋಡಾಕಿಲ್ಲ, ಮಾದಪ್ಪನಾಣೆಗೂ."

ಗಮನಿಸಿ, ಮುಖ ನೋಡುವುದಿಲ್ಲ ಅಂದರೇ ಹೊರತು ಮಾತಾಡುವುದಿಲ್ಲ ಅನ್ನಲಿಲ್ಲ! ಹಾಗಾಗಿ ಅಮ್ಮ ಯಳಂದೂರಿನಿಂದ ಕಾಮಗೆರೆಗೆ, ಅಣ್ಣನ ಮನೆಗೆ, ಹೋದಾಗಲೆಲ್ಲ ಮಾವ ಗೋಡೆಗೆ ಮುಖ ಮಾಡಿ ಕೂರುತ್ತಾರೆ. "ಮಂಡಿ ನೋವು ಎಂಗದೆ?" ಎಂದು ಗೋಡೆಯನ್ನು ಕೇಳುತ್ತಾರೆ. ಅಮ್ಮ ಅವರ ಬೆನ್ನಿಗೆ ಉತ್ತರ ಹೇಳುತ್ತಾಳೆ. "ಉಂಡ್ಕಂಡೇ ಓಗ್ಬೇಕು" ಎಂದು ಗೋಡೆಗೆ ಅಪ್ಪಣೆಯಾಗುತ್ತದೆ. ಒಂದು ಸಲ ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನಲ್ಲಿ ಅಮ್ಮ ಎದುರಿಗೇ ಬಂದುಬಿಟ್ಟಳು. ಮಾವ ಟವಲನ್ನು ಮುಖದ ಮೇಲೆಳೆದುಕೊಂಡು, ತಡವರಿಸಿಕೊಂಡು, ಕೈಗೆ ಸಿಕ್ಕಿದ ಬಸ್ಸು ಹತ್ತಿದರು. ಹನೂರಿಗೆ ಹೋಗಬೇಕಾದವರು ಮೈಸೂರಿನ ದಾರಿ ಹಿಡಿದಿದ್ದರು.

ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಅಮ್ಮನೂ ನಗುತ್ತಾಳೆ, ಆದರೆ ಅಲ್ಲಿರುವಷ್ಟು ಹೊತ್ತು ಮಾತ್ರ. ವಾಪಸು ಬರುವಾಗ ಬಸ್ಸಿನ ಕಿಟಕಿಗೆ ತಲೆ ಆನಿಸಿ ಕೂತುಬಿಡುತ್ತಾಳೆ. "ಇರೋನು ಒಬ್ಬ ಅಣ್ಣ. ಅವನ ಬೆನ್ನ ನೋಡ್ಕಂಡು ಬರೋಕೆ ಇಷ್ಟು ದೂರ ಓಗ್ಬೇಕಾ?" ಎಂದು ಒಮ್ಮೆ ಕೇಳಿದಳು. ನನ್ನ ಮದುವೆಯ ಆಲ್ಬಮ್ಮಿಗೆ ಬೆಂಕಿ ಬೀಳಲಿ ಅನ್ನಿಸಿತು ನನಗೆ. ಈಗ ನನ್ನ ಮಗಳೇ ಹೈಸ್ಕೂಲು, ಆಣೆಯಿನ್ನೂ ಗಟ್ಟಿಮುಟ್ಟಾಗಿದೆ.

ಹೀಗಿರುವಾಗ ಮಾವನ ಮನೆಯ ಮುಂದೆ ಒಣಗಿಸಿ ತುಂಬಿಟ್ಟಿದ್ದ ಅರಿಶಿನದಲ್ಲಿ ಒಂದು ಮೂಟೆ ಮಾಯವಾಯಿತು. ಮನೆಯಲ್ಲಿ ಸಂಭ್ರಮವೋ ಸಂಭ್ರಮ! ಕಳ್ಳತನಕ್ಕೆ ಯಾರಾದರೂ ಸಂಭ್ರಮ ಪಡುತ್ತಾರೆಯೇ? ಮಾವನ ಮಗ ಪಟ್ಟ. ಬಹಳ ದಿನದಿಂದ ಅವನಿಗೆ ಬಾಗಿಲಿಗೊಂದು ಕ್ಯಾಮೆರಾ ಹಾಕಿಸುವ ಆಸೆಯಿತ್ತು.

"ಅಪ್ಪ, ಇವಾಗ್ಲಾದ್ರೂ ಒಂದು ಕ್ಯಾಮ್ರ ಆಕ್ಸುಬುಡವಾ."

"ಲೇ, ಮನೆಗೆ ಕಣ್ಣು ಬೀಳ್ದಿರ್ಲಿ ಅಂತ ಬಾಗ್ಲಿಗೆ ಬೂದುಗುಂಬಳಕಾಯಿ ಕಟ್ಟಿವ್ನಿ. ನೀನು ನೋಡುದ್ರೆ ಕಣ್ಣನ್ನೇ ತಂದು ಕಟ್ಟು ಅಂತೀಯಲ್ಲ ಕಣ್ಲಾ."

ಮಗ ತೆಪ್ಪಗಾದ. ಆದರೆ ಮಾವ ತೆಪ್ಪಗಾಗಲಿಲ್ಲ. ಮಾರನೆಯ ದಿನವೇ ಇಸ್ತ್ರಿ ಶರ್ಟು ತೊಟ್ಟು, ಕ್ಯಾಮೆರಾ ಹಾಕಿಸಿಕೊಂಡವರ ಮನೆಗಳಿಗೆಲ್ಲ ಹೆಣ್ಣು ನೋಡುವವರ ಗತ್ತಿನಲ್ಲಿ ಹೊರಟರು. ಹನೂರಿನ ಬೀಗರ ಮನೆಯಲ್ಲಿ ಕೂತು ತಿಂಡಿ ತಿಂದು, ಅವರ ಕ್ಯಾಮೆರಾ ಏನೇನು ತೋರಿಸುತ್ತದೆ ಎಂದು ಕಣ್ಣು ಕೀಲಿಸಿ ನೋಡಿದರು. "ಬೀದಿ ನಾಯಿ ಮನ್ಗಿದ್ದ ತೋರುಸ್ತು. ಅದೇ ನಾಯಿ ಎದ್ದದ್ದ ತೋರುಸ್ತು" ಎಂದು ವರದಿ ಒಪ್ಪಿಸಿದರು. ಬೇಡವೆನ್ನುತ್ತಾರೇನೋ ಅಂದುಕೊಂಡರೆ, ಕಣ್ಣು ಮಾತ್ರ ಮಿಣಮಿಣ ಮಿನುಗುತ್ತಿತ್ತು.

ಆದರೆ ಕೊನೆಗೊಂದು ತೊಡಕು ಎದ್ದಿತು. ಅದನ್ನು ಎತ್ತಿದವರೂ ಮಾವನೇ. ಬಾಗಿಲಿಗೆ ಬಂದವರೆಲ್ಲ ಫೋನಿನಲ್ಲಿ ಕಾಣುತ್ತಾರೆ ಸರಿ, ತಂಗಿ ಬಂದರೆ? ಅಲ್ಲಿ ಕಾಣುವುದು ಮುಖವೋ, ಮುಖದ ಫೋಟೋವೋ? ನೋಡಿದರೆ ಆಣೆ ಮುರಿದಂತೆಯೋ ಅಲ್ಲವೋ? ಮೂರು ಹೊತ್ತೂ ಇದೇ ಚರ್ಚೆ! "ನೋಡ್ಬ್ಯಾಡಿ, ಫೋನ ಮಗನ ಕೈಗೆ ಕೊಡಿ" ಅಂದರು ಅತ್ತೆ. ಮಾವನಿಗೆ ಆ ಸಲಹೆ ಯಾಕೋ ಹಿಡಿಸಲಿಲ್ಲ. ಸೀದಾ ಊರಿನ ಗುಡಿಗೆ ಹೋಗಿ, ಪೂಜೆ ಮಾಡುವ ತಮ್ಮಡಿಯ ಮುಂದೆ ವಿಷಯ ಇಟ್ಟರು.

ತಮ್ಮಡಿ ಕುಂಕುಮದ ಬಟ್ಟಲು ಒರೆಸುತ್ತ ಕೇಳಿದರು: "ಟೀವೀಲಿ ಮಾದಪ್ಪನ ತೋರುಸ್ತರೆ. ನೋಡ್ತೀರೋ ಇಲ್ವೋ?"

"ನೋಡ್ತೀನಿ ಬುದ್ದಿ."

"ಅಂಗಂತ ದರ್ಸನ ಆಯ್ತು ಅಂತ ಬೆಟ್ಟಕ್ಕೋಗೋದ ಬುಟ್ಟುಬುಟ್ರಾ?"

"ಉಂಟಾ? ಅದೆಂಗೆ ದರ್ಸನ ಆದದು?"

"ಇದೂ ಅಷ್ಟೆಯಾ."

ಮಾವ ಮನೆಗೆ ಬಂದದ್ದು ನಡೆದುಕೊಂಡಲ್ಲ, ಓಡಿಕೊಂಡು! ಅವತ್ತೇ ಕೊಳ್ಳೇಗಾಲದ ಕ್ಯಾಮೆರಾ ಅಂಗಡಿಯವನಿಗೆ ಫೋನು ಹೋಯಿತು. ಕೆಲವು ದಿನ ಇಟ್ಟು ನೋಡುವುದು, ಒಗ್ಗದಿದ್ದರೆ ಅವನೇ ಬಿಚ್ಚಿಕೊಂಡು ಹೋಗುವುದು ಎಂದು ಮಾತಾಯಿತು. ಬೂದುಗುಂಬಳಕಾಯಿಯನ್ನು ಮಾತ್ರ ಕದಲಿಸಕೂಡದು ಎಂದು ಮಾವನ ಷರತ್ತು. ಅವನು ಪಾಪ, ಅದರ ಹಿಂದೆಯೇ ಕ್ಯಾಮೆರಾ ಕೂರಿಸಿ ಹೋದ. ಫೋನು ತೆರೆದರೆ ಪರದೆಯ ತುಂಬ ಕುಂಬಳಕಾಯಿ! ಗಾಳಿ ಬಂದರೆ ಕುಂಬಳಕಾಯಿಯ ಎಡಗಡೆ, ಗಾಳಿ ನಿಂತರೆ ಕುಂಬಳಕಾಯಿಯ ಬಲಗಡೆ. ಆದರೂ ಮಾವ ಕಣ್ಣು ಕೀಳದೆ ನೋಡುತ್ತಿದ್ದರು.

ಆ ಯಂತ್ರದಲ್ಲಿ ಒಳಗಿನಿಂದ ಮಾತಾಡಲೂ ಬರುತ್ತದೆ ಎಂದು ಮಗ ಹೇಳಿಕೊಟ್ಟದ್ದೇ ತಪ್ಪಾಯಿತು. ಮಾರನೆಯ ಬೆಳಿಗ್ಗೆ ಹಾಲಿನ ಕ್ಯಾನು ಸದ್ದಾದದ್ದನ್ನು ಕೇಳಿದ ಮಾವ ಫೋನಿಗೆ ಬಾಯಿಟ್ಟು, "ಇವತ್ತಾದ್ರೂ ನೀರ ಕಮ್ಮಿ ಮಾಡಿದ್ದೀಯಾ?" ಅಂದರು. ಹಾಲಿನಾಕೆ ಸುತ್ತಮುತ್ತ ನೋಡಿದಳು, ಯಾರೂ ಇಲ್ಲ. ಮೇಲೆ ನೋಡಿದಳು, ಕುಂಬಳಕಾಯಿ! ಕ್ಯಾನು ಕೆಳಗಿಟ್ಟು ಅದಕ್ಕೇ ಕೈಮುಗಿದು, "ನಾಳೆಯಿಂದ ನೀರ ಆಕಾಕಿಲ್ಲ ಸ್ವಾಮಿ" ಅಂದಳಂತೆ. ಅಂದಿನಿಂದ ಮಾವನ ಮನೆಯಲ್ಲಿ ಹಾಲು ಗಟ್ಟಿ. ಆ ಸಂತೋಷಕ್ಕೆ ಕುಂಬಳಕಾಯಿಯನ್ನು ಒಂದು ಗೇಣು ಪಕ್ಕಕ್ಕೆ ಕಟ್ಟಲು ಒಪ್ಪಿದರು.

ಅಂಗಡಿಯವನು ಕ್ಯಾಮೆರಾ ಇರಲೋ ಬಿಚ್ಚಲೋ ಎಂದು ಕೇಳಲು ಬರುವ ದಿನವೇ ನಾನೂ ಅಮ್ಮನೂ ಕಾಮಗೆರೆಗೆ ಹೋದೆವು. ಕ್ಯಾಮೆರಾದ ವಿಷಯ ಅಮ್ಮನಿಗೆ ಗೊತ್ತಿರಲಿಲ್ಲ. ಒಂದು ಚೀಲದಲ್ಲಿ ಅಣ್ಣನಿಗಿಷ್ಟವೆಂದು ಹುರಿಗಾಳು ತಂದಿದ್ದಳು. ಅವಳು ಹೊರಗೆ ಬಕೆಟ್ಟಿನ ನೀರಲ್ಲಿ ಕಾಲು ತೊಳೆಯುತ್ತಿದ್ದಾಗ ನಾನು ಒಳಗೆ ಹೋದೆ.

ಮಾವ ಗೋಡೆಗೆ ತಿರುಗಿರಲಿಲ್ಲ. ಮಂಚದ ಮೇಲೆ ಕೂತು ಫೋನನ್ನು ಎರಡು ಕೈಯಲ್ಲಿ ಹಿಡಿದಿದ್ದರು. ಫೋನಿನಲ್ಲಿ ಅಮ್ಮ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದಳು.

"ನೋಡ್ಬವುದು ಕಣವ್ವ. ತಮ್ಮಡಿ ಏಳವ್ರೆ," ಎಂದರು, ನಾನು ಏನೂ ಕೇಳದಿದ್ದರೂ. ಆಮೇಲೆ ಮೆಲ್ಲಗೆ, "ತಲೆ ಇಷ್ಟು ಬೆಳ್ಳಗಾಗದೆ ಅಂತ ಒಬ್ರೂ ನಂಗೆ ಏಳ್ನಿಲ್ವಲ್ಲ," ಎಂದರು.

ನಗುವವಳು ನಗುವುದನ್ನು ಮರೆತೆ.

ಹೊರಗೆ ಅಮ್ಮ ಸೆರಗು ಸರಿಮಾಡಿಕೊಂಡು ತಲೆಯೆತ್ತಿದಳು. ಬಾಗಿಲ ಮೇಲಿನ ಆ ಹೊಸ ಬಿಳಿ ಡಬ್ಬಿ ಏನೆಂದು ಕಣ್ಣು ಕಿರಿದು ಮಾಡಿ ನೋಡಿದಳು. ಪರದೆಯ ತುಂಬ ಅವಳ ಮುಖವೇ ಆಯಿತು. ಮಾವ ಫೋನನ್ನು ಕಣ್ಣಿನ ಹತ್ತಿರಕ್ಕೆ ತಂದರು.

"ಇವ್ಳು ನಮ್ಮವ್ವ."

"ಅಲ್ಲ ಮಾವ, ನಿಮ್ಮ ತಂಗಿ. ನಮ್ಮಮ್ಮ."

"ಸುಮ್ಕಿರು, ನಂಗೊತ್ತಿಲ್ವಾ? ಅದೇ ಗದ್ದ, ಕಣ್ಣ ಅಂಗೇ ಕಿರಿದು ಮಾಡೋದು. ನಮ್ಮವ್ವನೇಯ."

ಫೋನನ್ನು ಮಂಚದ ಮೇಲಿಟ್ಟು ಎದ್ದರು. ಹೆಗಲ ಟವಲು ಜಾರಿ ಬಿದ್ದದ್ದನ್ನೂ ಎತ್ತಿಕೊಳ್ಳಲಿಲ್ಲ.

"ನಮ್ಮವ್ವನ ಮುಕ ನೋಡಾಕಿಲ್ಲ ಅಂತ ನಾನ್ಯಾವತ್ತವ್ವ ಆಣೆ ಮಾಡಿದ್ದೆ?" ಎಂದು ನನ್ನನ್ನೇ ಕೇಳಿ, ಬಾಗಿಲಿಗೆ ಹೋದರು.

ನನಗೆ ಹಿಂದೆ ಹೋಗಲು ಧೈರ್ಯವಾಗಲಿಲ್ಲ. ಫೋನಿನಲ್ಲೇ ನೋಡಿದೆ. ಅಮ್ಮ ಚೀಲ ಹಿಡಿದುಕೊಂಡೇ ನಿಂತಿದ್ದಳು. ಮಾವ ಎದುರಿಗೆ ನಿಂತಿದ್ದರು. ಆಮೇಲೆ ಅಮ್ಮ ಕೈ ಚಾಚಿ ಅವರ ಕೆನ್ನೆ ಮುಟ್ಟಿದಳು.

"ಅಣ್ಣ, ಮುಂದಲ ಅಲ್ಲು ಯಾವಾಗ್ ಬಿದ್ದೋದ್ವೋ?"

"ನೀನು ನೋಡ್ದಿದ್ದಾಗ ಕಣವ್ವ."