ಅಟ್ಟದ ಮೇಲಿನ ಸನ್ಮಾನ

ಕೊಣ್ಣೂರಿನ ಸೋಮಪ್ಪ ತನ್ನ ಹೆಂಡತಿ ಚನ್ನವ್ವನಿಗೆ ಕೊಡಬೇಕಾದ ಒಂದು ಭರಣಿ ಮಾವಿನಕಾಯಿ ಉಪ್ಪಿನಕಾಯಿ ಇನ್ನೂ ಬಾಕಿ ಇದೆ. ಕಬ್ಬಿನ ಬಿಲ್ಲಿಗಾಗಿ ಮೂವತ್ತು ವರ್ಷ ರಸ್ತೆ ಮೇಲೆ ಕೂತ ಮನುಷ್ಯ ಇವನು. ಬಾಕಿ ಉಳಿಸಿಕೊಂಡ ಸಕ್ಕರೆ ಕಾರ್ಖಾನೆಯವರ ಗೇಟಿನ ಮುಂದೆ ಒಲೆ ಹೂಡಿ, ಅನ್ನ ಬೇಯಿಸಿ, ಅಲ್ಲೇ ಉಂಡು ಅಲ್ಲೇ ಮಲಗಿದವನು. ತನ್ನ ಮನೆಯ ಬಾಕಿಯ ಮಾತು ಬಂದರೆ ಮಾತ್ರ ಎದ್ದು ದನಕ್ಕೆ ನೀರು ಕುಡಿಸಲು ಹೋಗುತ್ತಾನೆ. (ದನಕ್ಕೆ ಆಗಲೇ ಎರಡು ಸಲ ಕುಡಿಸಿ ಆಗಿರುತ್ತದೆ.)

ಈ ಬಾಕಿ ಹುಟ್ಟಿದ್ದು ಒಂದು ಸನ್ಮಾನದಿಂದ. ಹೋದ ತಿಂಗಳು ಮೂಡಲಗಿಯಲ್ಲಿ ಹಳೆಯ ಹೋರಾಟಗಾರರನ್ನೆಲ್ಲ ಕರೆದು ವೇದಿಕೆ ಹತ್ತಿಸಿದರು. ಈಗ ನಮ್ಮ ಕಡೆ ಹೂವಿನ ಹಾರಕ್ಕೆ ಕಿಮ್ಮತ್ತಿಲ್ಲ, ಸೇಬಿನ ಹಾರವೇ ಆಗಬೇಕು. ದೊಡ್ಡ ಪುಢಾರಿಗಳಿಗಾದರೆ ಅದನ್ನು ಕ್ರೇನಿಗೆ ತೂಗಿಬಿಡುತ್ತಾರೆ. ಹಾರ ಕೊರಳ ಹತ್ತಿರ ಬರುವಷ್ಟರಲ್ಲಿ ಜನ ಮುಗಿಬಿದ್ದು ಹಣ್ಣು ಕಿತ್ತುಕೊಂಡು ಹೋಗಿರುತ್ತಾರೆ. ಅದೇ ಅದರ ಪದ್ಧತಿ: ಗೌರವ ಹಾಕಿಸಿಕೊಂಡವನಿಗೆ, ಹಣ್ಣು ಕಿತ್ತವನಿಗೆ. ಸೋಮಪ್ಪನ ಹಾರ ಕ್ರೇನಿನದಲ್ಲ, ಒಬ್ಬನೇ ಎತ್ತುವಂಥದ್ದು. ದಬ್ಬಣದಿಂದ ತೂತು ಮಾಡಿ ಹುರಿಯಲ್ಲಿ ಪೋಣಿಸಿದ ಮೂವತ್ತಾರು ಸೇಬು. ಜನ ಕೈ ಚಾಚಿದರು. ಸೋಮಪ್ಪ ಕೊಡಲಿಲ್ಲ. ಲಾಠಿಗೆ ಅಡ್ಡ ಹಿಡಿದಿದ್ದ ಅವೇ ಎರಡು ಕೈಗಳನ್ನು ಹಾರಕ್ಕೆ ಅಡ್ಡ ಹಿಡಿದು, ಗೆಳೆಯ ಕಾಶಿನಾಥನ ಬೈಕಿನ ಹಿಂದೆ ಕೂತು, ಕೊರಳಿಂದ ತೆಗೆಯದೆ ಊರು ಮುಟ್ಟಿಸಿದ.

ಮೂವತ್ತು ವರ್ಷಕ್ಕೆ ಕೈಗೆ ಸಿಕ್ಕದ್ದು ಅದೊಂದೇ. ತಿಂದು ಮುಗಿಸಲು ಮನಸ್ಸು ಬರಲಿಲ್ಲ. ಚನ್ನವ್ವ ಹೊಲದಲ್ಲಿದ್ದಾಗ ಏಣಿ ಹಾಕಿ, ಅಡುಗೆಮನೆಯ ಅಟ್ಟದ ಮೇಲೆ, ಹಳೆಯ ಕರಪತ್ರ ತುಂಬಿದ ಟ್ರಂಕಿನ ಹಿಂದೆ, ಹಾರವನ್ನು ಹಸಿರು ಶಾಲು ಹೊದಿಸಿ ಮಲಗಿಸಿದ. ಅವಳು ಕೇಳಿದ್ದಕ್ಕೆ, ಶಾಲೆಯ ಮುಂದೆ ನಿಂತು ಸಾಲಿ ಹುಡುಗರಿಗೆ ಹಂಚಿದೆ ಅಂದ. ಚನ್ನವ್ವ ನಂಬಿದಳು. ಸಂತೋಷವನ್ನೂ ಪಟ್ಟಳು.

ಅದೇ ಹೊತ್ತಿಗೆ ಅವಳಿಗೂ ಒಂದು ಕೆಲಸ ಒದಗಿಬಂದಿತ್ತು. ಹುಕ್ಕೇರಿಯ ಶೆಟ್ಟೆವ್ವ ತನ್ನ ಮಗಳ ಮದುವೆಗೆ ಎಂಟು ನೂರು ಶೇಂಗಾ ಹೋಳಿಗೆ ಬೇಕೆಂದು ಹೇಳಿಕಳಿಸಿದ್ದಳು. ಚನ್ನವ್ವನ ಕೈ ಇಷ್ಟು ವರ್ಷ ಬಡಿದದ್ದೆಲ್ಲ ಚಳವಳಿಯ ರೊಟ್ಟಿ. ಪಾದಯಾತ್ರೆಗೆ ಹೊರಟವರಿಗೆ ಕಟ್ಟಿಕೊಟ್ಟದ್ದು, ಜೈಲಿನಿಂದ ಬಂದವರಿಗೆ ಬಡಿಸಿದ್ದು. ಅದಕ್ಕೆಲ್ಲ ಜನ ಸೋಮಪ್ಪನ ಮನೆ ರೊಟ್ಟಿ ಅಂದರೇ ಹೊರತು ಚನ್ನವ್ವನ ರೊಟ್ಟಿ ಅಂದವರಿಲ್ಲ. ಅವಳ ಹೆಸರು ಹಿಡಿದು ಬಾಗಿಲಿಗೆ ಬಂದ ಮೊದಲ ಕೆಲಸ ಇದು. ಶೆಟ್ಟೆವ್ವನದು ಒಂದೇ ಷರತ್ತು: ಶನಿವಾರ ಬಂದು ಅಡುಗೆಮನೆ ನೋಡುತ್ತೇನೆ, ಆಮೇಲೆ ಮಾತು.

ಶನಿವಾರಕ್ಕೆ ಇನ್ನೂ ಆರು ದಿನ ಇರುವಾಗ ನೊಣ ಎದ್ದವು.

ದೊಡ್ಡ ನೊಣ ಅಲ್ಲ. ಎಳ್ಳುಕಾಳಿನಷ್ಟಿರುವ, ಕೆಂಪು ಕಣ್ಣಿನ ಹಣ್ಣಿನ ನೊಣ. ಚಹಾದ ಬಟ್ಟಲಿನ ಅಂಚಿನಲ್ಲಿ ಅವೇ, ಬಾಳೆಗೊನೆಯ ಮೇಲೆ ಅವೇ, ಬೈಯಲು ಬಾಯಿ ತೆರೆದರೆ ಬಾಯಲ್ಲೂ ಅವೇ. ಸೋಮಪ್ಪ ಕೂಡಲೇ ಒಂದು ತನಿಖಾ ಸಮಿತಿ ರಚಿಸಿದ. (ಅಧ್ಯಕ್ಷ, ಕಾರ್ಯದರ್ಶಿ, ಸದಸ್ಯ ಎಲ್ಲ ಅವನೇ.) ಒಂದೇ ತಾಸಿನಲ್ಲಿ ವರದಿ ಬಂತು: ತಪ್ಪು ಅಡುಗೆಮನೆ ನಡೆಸುವವರದ್ದು. ಬಾಳೆಗೊನೆ ದನದ ಮುಂದೆ ಬಿತ್ತು. ಹುಳಿ ಮಜ್ಜಿಗೆ ಹಿತ್ತಲಿಗೆ ಹೋಯಿತು. ಕೊನೆಗೆ ಸಮಿತಿಯ ಕಣ್ಣು ಉಪ್ಪಿನಕಾಯಿ ಭರಣಿಯ ಮೇಲೆ ಬಿತ್ತು.

“ಉಪ್ಪಿನಕಾಯಿಗೆ ಈ ನೊಣ ಬರೂದಿಲ್ರಿ,” ಅಂದಳು ಚನ್ನವ್ವ. “ಖಾರ ಐತಿ, ಎಣ್ಣಿ ಐತಿ, ಮ್ಯಾಲ ಅರಿವಿ ಕಟ್ಟೇನಿ.”

“ಕಟ್ಟಿ ಇಟ್ಟದ್ದರ ಮ್ಯಾಲ ನನಗ ಸಂಶಯ ಜಾಸ್ತಿ,” ಅಂದ ಸೋಮಪ್ಪ.

ಅಟ್ಟದ ಮೇಲೆ ತಾನೇ ಹೊದಿಸಿ ಇಟ್ಟದ್ದು ಆ ಹೊತ್ತಿನಲ್ಲಿ ಅವನಿಗೆ ನೆನಪಾಗಲಿಲ್ಲ ಅಂತಲ್ಲ. ಶಾಲು ಹೊದಿಸಿದ ಗೌರವವೂ ಕೊಳೆಯುತ್ತದೆ ಅಂತ ಅವನಿಗೆ ಹೊಳೆಯಲಿಲ್ಲ. ವರ್ಷದ ಉಪ್ಪಿನಕಾಯಿ ತಿಪ್ಪೆ ಸೇರಿತು. ಮರುದಿನ ನೊಣ ದುಪ್ಪಟ್ಟಾದವು.

ಆಗ ಅವನು ಹೊಲದಿಂದ ಎಣ್ಣಿ ಹೊಡೆಯುವ ಪಂಪು ಬೆನ್ನಿಗೆ ಹಾಕಿಕೊಂಡು ಬಂದ. ಕಬ್ಬಿನ ಹುಳಕ್ಕೆ ಹೊಡೆಯುವ ವಿಷ ಅದು. ಚನ್ನವ್ವ ಹೊಸ್ತಿಲ ಮೇಲೆ ಎರಡೂ ಕೈ ಚೌಕಟ್ಟಿಗೆ ಕೊಟ್ಟು ನಿಂತಳು.

“ಹಿಟ್ಟಿನ ಡಬ್ಬಿ ಒಳಗ, ರೊಟ್ಟಿ ಹಂಚು ಒಳಗ, ಕುಡಿಯೂ ನೀರು ಒಳಗ. ಎಲ್ಲಿ ಹೊಡೀತೀರಿ ಹೇಳ್ರಿ. ಆ ಪಂಪ್ ಒಳಗ ಬಂತಂದ್ರ ನಾ ಹೊರಗ.”

ಸೋಮಪ್ಪ ತನ್ನ ಆಯುಷ್ಯದಲ್ಲಿ ಎಷ್ಟೋ ಪೊಲೀಸ್ ಬ್ಯಾರಿಕೇಡ್ ಕಂಡಿದ್ದ. ಇಷ್ಟು ಗಟ್ಟಿಯಾದದ್ದು ಕಂಡಿರಲಿಲ್ಲ. ಪಂಪು ತಿರುಗಿ ಹೊಲಕ್ಕೆ ಹೋಯಿತು.

ಬಾಜೂ ಮನೆಯ ವಿಜಯಶ್ರೀ ಆಶಾ ಕಾರ್ಯಕರ್ತೆ. ಗದ್ದಲ ಕೇಳಿ ಬಂದು, ಮೊದಲು ಸೋಮಪ್ಪ ಕಾಕಾನ ಕೈಯನ್ನು ಸೋಪು ಹಚ್ಚಿ ತೊಳೆಸಿದಳು. ಆಮೇಲೆ ದಾರಿ ಹೇಳಿದಳು. ಒಂದು ಬಟ್ಟಲಲ್ಲಿ ಹುಳಿ ಬಂದ ಬೆಲ್ಲದ ನೀರು, ಅದರಲ್ಲಿ ಎರಡು ಹನಿ ಪಾತ್ರೆ ತೊಳೆಯುವ ಸೋಪು, ಮೇಲೆ ಕಾಗದ ಕಟ್ಟಿ ಸೂಜಿಯಿಂದ ನಾಲ್ಕು ತೂತು. ಸಿಂಕಿನ ಕೊಳವೆಗೆ ದಿನಾ ಕುದಿಯುವ ನೀರು. ಒರೆಸುವ ಅರಿವೆ ಬಿಸಿಲಿಗೆ. ಹಣ್ಣು ಮುಚ್ಚಿಡುವುದು. ಇಷ್ಟಕ್ಕೇ ವಿಷ ಯಾಕೆ ಬೇಕು ಅಂದಳು.

ಸೋಮಪ್ಪ ಸೋಪನ್ನು ಬಿಟ್ಟ, ಸಿಹಿ ಒಂದೇ ಸಾಕೆಂದು. ನೊಣ ಬಂದವು, ಅಂಚಿನಲ್ಲಿ ಕೂತು ಕುಡಿದವು, ಹೋದವು. ಧರಣಿ ಸ್ಥಳಕ್ಕೆ ಬಂದು ಚಹಾ ಕುಡಿದು ಭರವಸೆ ಕೊಟ್ಟು ಹೋಗುವ ಸಾಹೇಬರ ಹಾಗೆ. ವಿಜಯಶ್ರೀ ಬಂದು ತಾನೇ ಎರಡು ಹನಿ ಸೋಪು ಹಾಕಿದ ಮೇಲೆ ನೀರಿನ ಮೇಲೆ ಕೂರಲಾಗದೆ ಮುಳುಗಿದವು. ಬೆಳಿಗ್ಗೆ ಬಟ್ಟಲ ತುಂಬ ಕಪ್ಪು. ಸೋಮಪ್ಪ ವಿಜಯ ಘೋಷಿಸಿದ. ಮಧ್ಯಾಹ್ನಕ್ಕೆ ಅಷ್ಟೇ ನೊಣ ಮತ್ತೆ ಹಾಜರು.

“ಕಾಕಾ, ಬಟ್ಟಲಾ ಇಟ್ರ ಬಂದಾವಷ್ಟ ಸಾಯ್ತಾವ. ಹುಟ್ಟೂದು ನಿಂದರೂದಿಲ್ಲ,” ಅಂದಳು ವಿಜಯಶ್ರೀ. “ಎಲ್ಲೋ ಹಣ್ಣು ಕೊಳ್ಯಾಕತ್ತೈತಿ. ಅದನ್ನ ಹುಡುಕಿ ಹೊರಗ ಒಗೀರಿ.”

ಗುರುವಾರ ಚನ್ನವ್ವ, ವಿಜಯಶ್ರೀ ಇಬ್ಬರೂ ಹೊರಗೆ ಹೋದಾಗ ಸೋಮಪ್ಪ ಏಣಿ ಹತ್ತಿದ. ಶಾಲು ಎತ್ತಿದ. ಶಾಲಿನ ಕೆಳಗಿನ ಸನ್ಮಾನ ಮೈತುಂಬ ಮಿಜಿಮಿಜಿ ಅನ್ನುತ್ತಿತ್ತು. ದಬ್ಬಣ ಹಾಯ್ದ ಒಂದೊಂದು ತೂತಿನಲ್ಲೂ ಒಂದೊಂದು ಸಂಸಾರ.

ಆ ಹೊತ್ತಿಗೆ ಇಳಿಸಿದ್ದರೆ ಎಲ್ಲ ಮುಗಿಯುತ್ತಿತ್ತು. ಇನ್ನೂ ಎರಡು ದಿನ ಕೈಯಲ್ಲಿದ್ದವು. ತಪ್ಪು ನಂದು ಅಂದಿದ್ದರೆ ಚನ್ನವ್ವ ಒಂದು ಹೊತ್ತು ಬೈದು, ಎರಡನೇ ಹೊತ್ತಿಗೆ ನಕ್ಕುಬಿಡುವ ಹೆಂಗಸು. ಆದರೆ ಆ ಮಾತು ಆಡುವುದೆಂದರೆ ಸಾಲಿ ಹುಡುಗರ ಸುಳ್ಳೂ, ತಿಪ್ಪೆಗೆ ಬಿದ್ದ ಭರಣಿಯೂ ಜೊತೆಗೇ ಹೊರಬರಬೇಕು. ಜಿಲ್ಲಾಧಿಕಾರಿಯ ಮೇಜು ಗುದ್ದಿ ಮಾತಾಡಿದ ನಾಲಿಗೆ ಅದು, ಇಲ್ಲಿ ಏಳಲಿಲ್ಲ. ಹಾರವನ್ನು ಗೊಬ್ಬರದ ಚೀಲಕ್ಕೆ ತುರುಕಿ, ಬಾಯಿ ಬಿಗಿದು, ಅಲ್ಲೇ ಬಿಟ್ಟು ಇಳಿದ. ನೊಣ ಕಡಿಮೆ ಆದವು. ಚೀಲದ ಒಳಗೆ ಸೇಬು ತಮ್ಮ ಕೆಲಸ ಮುಂದುವರಿಸಿದವು.

ಶನಿವಾರ ಅಡುಗೆಮನೆ ಹೊಳೆಯುತ್ತಿತ್ತು. ಚನ್ನವ್ವ ಎರಡು ದಿನ ನಿದ್ದೆ ಬಿಟ್ಟು ತಿಕ್ಕಿದ್ದಳು. ಶೆಟ್ಟೆವ್ವ ಬಂದು ಡಬ್ಬಿ ತೆರೆದು ನೋಡಿದಳು, ಸಿಂಕಿಗೆ ಬಗ್ಗಿದಳು, ಕಟ್ಟೆಯ ಮೇಲೆ ಬೆರಳಾಡಿಸಿದಳು. ಆಮೇಲೆ ಕೂತು ಒಂದು ಹೋಳಿಗೆ ಮುರಿದು ಬಾಯಿಗಿಟ್ಟು ಕಣ್ಣು ಮುಚ್ಚಿದಳು.

“ಕೈ ಛಲೋ ಐತಿ ತಂಗಿ,” ಅಂದಳು.

ಚನ್ನವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಆಗಲೇ ಲಟ್ಟಿಸುವ ಮಣೆಯ ಮೇಲೆ ಟಪ್ ಅಂತ ಒಂದು ಹನಿ ಬಿತ್ತು. ಕಂದು ಬಣ್ಣ, ಹುಳಿ ವಾಸನೆ. ಶೆಟ್ಟೆವ್ವ ಮೂಗು ಏರಿಸಿದಳು.

“ಮನ್ಯಾಗ ಸೆರೆ ಇಳಸ್ತೀರೇನ?”

ಸಾರಾಯಿ ಮುಟ್ಟದ, ಮನೆಮಂದಿಯೆಲ್ಲ ಕೊರಳಲ್ಲಿ ಲಿಂಗ ಕಟ್ಟಿಕೊಂಡ ಮನೆ ಅದು. ಚನ್ನವ್ವನ ಮುಖ ಸುಣ್ಣದ ಹಾಗಾಯಿತು. ಮೇಲೆ ಇವರ ಕರಪತ್ರದ ಟ್ರಂಕು ಬಿಟ್ಟರೆ ಏನೂ ಇಲ್ಲವೆಂದಳು. ಹಾಗಿದ್ದರೆ ಇಳಿಸಿ ತೋರಿಸಲಿ ಅಂದಳು ಶೆಟ್ಟೆವ್ವ.

ಸೋಮಪ್ಪ ಏಣಿ ಹತ್ತಿದ. ಚೀಲ ಎತ್ತಿದ್ದೇ ತಡ, ಬಿಗಿದ ಬಾಯಿ ಬಿಚ್ಚಿ ಹಾರ ಹೊರಗೆ ಜಾರಿತು. ಕೈಯಲ್ಲಿ ಹಿಡಿದರೆ ಏಣಿ ಹಿಡಿಯಲಾಗದು, ಏಣಿ ಹಿಡಿದರೆ ಹಾರ ಹೋಳಿಗೆ ತಟ್ಟೆಯ ಮೇಲೆ ಬೀಳುತ್ತದೆ. ಗತಿಯಿಲ್ಲದೆ ಕೊರಳಿಗೆ ಹಾಕಿಕೊಂಡ. ಒಂದೊಂದೇ ಮೆಟ್ಟಿಲು ಇಳಿದ. ತಲೆಯ ಸುತ್ತ ನೊಣಗಳ ಮೆರವಣಿಗೆ, ಎದೆಯ ಮೇಲೆ ಕರಗಿದ ಸೇಬು. ಚಪ್ಪಾಳೆ ಒಂದು ಇರಲಿಲ್ಲ.

ಚನ್ನವ್ವ ಹೋಳಿಗೆ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. “ಸಾಲಿ ಹುಡುಗರು ತಿಂದ್ರು ಅಂದಿದ್ರಲ್ರಿ,” ಅಂದಳು.

ಸೋಮಪ್ಪ ಉತ್ತರ ಕೊಡಲು ಬಾಯಿ ತೆರೆದ. ಒಂದು ನೊಣ ಒಳಗೆ ಹೋಯಿತು. ಕೆಮ್ಮಿದ.

ಶೆಟ್ಟೆವ್ವ ಬೈಯಲಿಲ್ಲ, ಬೈದಿದ್ದರೆ ಚಲೋ ಇತ್ತು. ಹೋಳಿಗೆಯ ಬಗ್ಗೆ ತಕರಾರಿಲ್ಲ, ಆದರೆ ಎಲ್ಲಿ ಮಾಡಿಸಿದ್ದೆಂದು ಬೀಗರು ಕೇಳಿದರೆ ಈ ಹಾರದ ಕಥೆ ಹೇಳಬೇಕಾಗುತ್ತದೆ ಅಂದಳು. ಚಪ್ಪಲಿ ಮೆಟ್ಟಿ ಹೋದಳು. ಎಂಟು ನೂರು ಹೋಳಿಗೆಯ ಕೆಲಸ ಹತ್ತರಗಿಯ ಸುಂದ್ರವ್ವನ ಪಾಲಾಯಿತು.

ಸೋಮಪ್ಪ ಮನೆಯಿಂದ ದೂರ ಹೊಲದ ಮೂಲೆಯಲ್ಲಿ ಮೊಣಕಾಲುದ್ದ ಗುಂಡಿ ತೋಡಿ ಹಾರ ಹೂತು ಬಂದ. ಅಟ್ಟವನ್ನು ಬಿಸಿನೀರಿನಿಂದ ಒರೆಸಿದ. ವಾರದಲ್ಲಿ ನೊಣ ಇಳಿದವು, ಹದಿನೈದು ದಿನಕ್ಕೆ ಒಂದೂ ಉಳಿಯಲಿಲ್ಲ. ಹುಟ್ಟುವ ಜಾಗ ಹೋದರೆ ಅವುಗಳ ಆಯುಷ್ಯ ಅಷ್ಟೇ. ತಾನೇ ಹುಕ್ಕೇರಿಗೆ ಹೋಗಿ ಶೆಟ್ಟೆವ್ವನಿಗೆ ತಿಳಿಸಿ ಹೇಳುತ್ತೇನೆ ಅಂದ. ಚನ್ನವ್ವ ಶೇಂಗಾ ಹಸನು ಮಾಡುತ್ತಿದ್ದವಳು ತಲೆ ಎತ್ತಲಿಲ್ಲ.

“ನೀವು ಜೈಲಿಗೆ ಹೋದಾಗೂ ನಾ ಊರಾಗ ತಲಿ ಎತ್ತಿ ನಡದೇನ್ರಿ,” ಅಂದಳು. “ನಂದಂತ ಒಂದ ಕೆಲಸ ಬಂದಿತ್ತು. ಅದಕ್ಕ ನೀವ ಅಡ್ಡ ಕುಂತ್ರಿ.”

ಆ ಕೆಲಸ ಮರಳಿ ತರುವುದು ಸೋಮಪ್ಪನ ಕೈಯಲ್ಲಿಲ್ಲ. ಈ ಕಥೆ ಹೇಳುವ ನನ್ನ ಕೈಯಲ್ಲೂ ಇಲ್ಲ. ಅದಕ್ಕೇ ನಿಮ್ಮ ಹತ್ತಿರ ಬಂದಿದ್ದೇನೆ. ಗೋಕಾಕ, ಮೂಡಲಗಿ, ಹುಕ್ಕೇರಿ, ಯಾವ ಕಡೆಯವರಾದರೂ ಸರಿ, ನಿಮ್ಮ ಮನೆಯಲ್ಲಿ ಮದುವೆ ಇದ್ದರೆ ಕೊಣ್ಣೂರಿಗೆ ಬನ್ನಿ. ಡಬ್ಬಿ ತೆಗೆದು ನೋಡಿ, ಸಿಂಕಿಗೆ ಬಗ್ಗಿ ನೋಡಿ, ಏಣಿ ಹತ್ತಿ ಅಟ್ಟವನ್ನೂ ನೋಡಿ. ನೋಡಿದ ಮೇಲೆ ನೆಪ ಹೇಳಬೇಡಿ. ಎಂಟು ನೂರು ಹೋಳಿಗೆ ಹೇಳಿ, ಚನ್ನವ್ವನ ಹೆಸರು ಹಿಡಿದು ಹೇಳಿ.