ಸೋದರಮಾವ ಸೈಕಲ್ ಮ್ಯಾಲ ಬಂದ

ಸೈಕಲ್ ಹತ್ತಿ ದೂರದ ಊರಿಗೆ ಹೊಂಟ್ನಿ ಅಂದ್ರ ನನಗ ಏನರೆ ಒಂದು ಆಗಲಾರದ ಇರೂದಿಲ್ಲ. ತಪ್ಪು ಸೈಕಲ್ಲಿಂದಲ್ಲ, ನಂದ. ತುಳಿಯೋ ಕೆಲಸ ಕಾಲಿಗೆ ಒಪ್ಪಿಸಿ ತಲಿ ತನ್ನ ಪಾಡಿಗೆ ಎಲ್ಲೋ ಹೋಗಿಬಿಡತೈತಿ. ಆದ್ರೂ ಹುಕ್ಕೇರಿಯಿಂದ ಮೂಡಲಗಿಗೆ ಹೋದ ಆ ಒಂದು ದಿನ ಆದಷ್ಟು ಫಜೀತಿ ನನ್ನ ಇಡೀ ನೌಕರಿಯೊಳಗ ಆಗಿಲ್ಲ.

ದೊಡ್ಡ ಲಡಾಯಿ ನಡದಿದ್ದ ಕಾಲ ಅದು. ಪೆಟ್ರೋಲ್ ಸಿಗತಿರ್ಲಿಲ್ಲ, ಮೋಟಾರುಗಳು ಇದ್ದಲಿ ಹೊಗಿ ಮ್ಯಾಲ ಓಡತಿದ್ವು. ಓಡಿದ್ರ ಓಡಿದ್ವು, ಇಲ್ಲಂದ್ರ ಒಳಗ ಕುಂತವರ ಇಳದು ನೂಕಬೇಕು. ನಾ ಹುಕ್ಕೇರಿ ಸಾಲಿಯೊಳಗ ಭೂಗೋಳ ಕಲಸೋ ಮಾಸ್ತರ. ತಂಗಿನ್ನ ಮೂಡಲಗಿಗೆ ಕೊಟ್ಟಿದ್ವಿ. ತಾಯಿ-ತಂದಿ ಇಲ್ಲ, ಅಕಿಗೆ ತವರುಮನಿ ಅಂದ್ರ ನಾ ಒಬ್ಬನ. ಅಕಿ ಮಗಗ ಮೂರು ವರ್ಷಾಗಿತ್ತು, ಇನ್ನೂ ಜಾವಳ ತೆಗಸಿರ್ಲಿಲ್ಲ. ಹುಟ್ಟುಗೂದಲ ತೆಗಸೂಮುಂದ ಕೂಸು ಸೋದರಮಾವನ ತೊಡಿ ಮ್ಯಾಲ ಕುಂಡ್ರಬೇಕು, ಅದು ನಮ್ಮ ಕಡೆ ಪದ್ಧತಿ. ಎರಡು ಸಲ ದಿನ ಹಿಡದ್ರು, ಎರಡೂ ಸಲ ನಾ ಹೋಗಲಿಲ್ಲ. ಒಮ್ಮೆ ಸಾಲಿಗೆ ತಪಾಸಣಿ ಬಂತು. ಇನ್ನೊಮ್ಮೆ, ಖರೇ ಹೇಳತೇನಿ, ದಿನ ಮರತಬಿಟ್ನಿ.

ಮೂರನೇ ಸಲ ತಂಗಿ ಕಾಗದ ಬರಸಿದ್ಲು. "ಅಣ್ಣಾ, ಸೋಮವಾರ ಹೊತ್ತು ಮುಳುಗೂದ್ರಾಗ ನೀ ಬರಲಿಲ್ಲಂದ್ರ ನಮ್ಮ ಅತ್ತಿ ತನ್ನ ತಮ್ಮನ ಮಗನ ತೊಡಿ ಮ್ಯಾಲ ಕೂಸಿನ್ನ ಕುಂಡ್ರಸತಾರಂತ. ಆಮ್ಯಾಲ ನನಗೂ ತವರುಮನಿ ಐತಿ ಅಂತ ಯಾವ ಬಾಯಿಲೆ ಹೇಳಲಿ?"

ಅದನ್ನ ಓದಿದ ದಿನ ನನಗ ಊಟ ಸೇರಲಿಲ್ಲ. ರಜಾ ಬರದುಕೊಟ್ನಿ, ಸೈಕಲ್ಲಿಗೆ ಎಣ್ಣಿ ಬಿಟ್ನಿ. ಹಿಂದ ಒಂದು ತಗಡಿನ ಡಬ್ಬಿ ಕಟ್ಟಿ ಅದರಾಗ ಅಳಿಯಗ ಹೊಸಾ ಅಂಗಿ, ಬೆಳ್ಳಿ ಉಡದಾರ ಇಟ್ನಿ. ಚಳಿಗೆ ಖಾಕಿ ಕೋಟು ಹಾಕ್ಕೊಂಡ್ನಿ. ಬಿಸಲಿಗೆ ಇರಲಿ ಅಂತ ಹೆಡ್‌ಮಾಸ್ತರು ತಮ್ಮ ದುಂಡನ ಸಾಹೇಬರ ಟೊಪಗಿ ಕೊಟ್ರು. ಆ ಟೊಪಗಿ ಏನೇನು ಮಾಡಸತೈತಿ ಅಂತ ಕೊಟ್ಟವರಿಗೂ ಗೊತ್ತಿರ್ಲಿಲ್ಲ, ಇಟಗೊಂಡಾವಗೂ ಗೊತ್ತಿರ್ಲಿಲ್ಲ.

೧. ಎರಡು ಎಕರೆ ದ್ವೀಪ

ಸೋಮವಾರ ನಸಕಿನ್ಯಾಗ ಹುಕ್ಕೇರಿ ಬಿಟ್ನಿ. ಘಟಪ್ರಭಾ ಹೊಳಿ ದಂಡಿಗೆ ಬರೂದ್ರಾಗ ಮೂಡಲ ಕೆಂಪಾಗಿತ್ತು. ಹೊಳಿ ಮ್ಯಾಲ ಮಂಜು ಹಾಸಿತ್ತು, ಆಚಿ ದಂಡಿ ಅನ್ನೂದ ಕಾಣವಲ್ದು. ನೀರು ಎಲ್ಲಿ ಮುಗೀತು, ಆಕಾಶ ಎಲ್ಲಿ ಸುರುವಾತು ಗೊತ್ತಾಗವಲ್ದು.

ನಾ ಸಮುದ್ರ ನೋಡಿದಾವಲ್ಲ. ಆದ್ರ ವರ್ಷಾ ವರ್ಷಾ ಬೋರ್ಡಿನ ಮ್ಯಾಲ ದ್ವೀಪ ಬರದು, ಸುತ್ತಲೂ ನೀಲಿ ಸೀಮಿಸುಣ್ಣ ತಿಕ್ಕಿ, ಇದು ಕರಾವಳಿ, ಇದು ಭೂಶಿರ ಅಂತ ಹುಡುಗೂರಿಗೆ ಬಾಯಿಪಾಠ ಮಾಡಸೇನಿ. ಒಮ್ಮೆ ಒಬ್ಬ ಹುಡುಗ, ನೀವು ಯಾವ ದ್ವೀಪ ನೋಡೀರಿ ಸರ್ ಅಂತ ಕೇಳಿದಾಗ ಅವನ್ನ ಬೆಂಚಿನ ಮ್ಯಾಲ ನಿಲ್ಲಿಸಿದ್ನಿ. ಈಗ ಆ ಮಂಜಿನ್ಯಾಗ ಸೈಕಲ್ ತಾನ ಉಳ್ಳಾಕತ್ತಿತು, ನನ್ನ ಎಡಕ್ಕ ಸಮುದ್ರ ಬಂದು ನಿಂತಿತು. ಬೆಳ್ಳಕ್ಕಿ ಎಲ್ಲಾ ಕಡಲಹಕ್ಕಿ ಆದ್ವು. ಅಲ್ಲೊಂದು ದೋಣಿ ಹೊಂಟಿತ್ತು, ಅದು ನನ್ನ ಕಣ್ಣಿಗೆ ಹಡಗ. ನನಗ ಎಷ್ಟು ಖುಷಿ ಆಗಿತ್ತಂದ್ರ ಕಣ್ಣಾಗ ನೀರು ಬಂದಿದ್ವು, ಅದಕ್ಕ ಚಳಿಗಾಳಿ ಅಂತ ಹೆಸರು ಕೊಟ್ನಿ.

ಹಂಗ ತೇಲಕೋತ ಹೊಂಟಾವ, ಹೊಲದ ಒಡ್ಡಿನ ಮ್ಯಾಲ ಕಂಬಳಿ ಹೊದ್ದು ಕುಂತಿದ್ದ ಒಬ್ಬ ಅಜ್ಜನ ಮುಂದ ಬ್ರೇಕ್ ಹಿಡದು ಕೇಳೇಬಿಟ್ನಿ.

"ಅಜ್ಜಾ, ಈ ದ್ವೀಪದ ಹೆಸರೇನು?"

ಅಜ್ಜ ನನ್ನ ಟೊಪಗಿ ನೋಡಿದ, ಕೋಟು ನೋಡಿದ, ಎದ್ದು ನಿಂತು ಕೈ ಮುಗದ. "ಅದೆಲ್ಲಾ ನನಗ ಗೊತ್ತಿಲ್ರಿ ಸಾಹೇಬರ. ನನ್ನ ಪಾಲಿಗೆ ಬಂದಿದ್ದು ಈ ಎರಡು ಎಕರೆ. ಆಚೀದು ದ್ವೀಪ ಇದ್ರೂ ಇರಬಹುದು, ಅದು ನಮ್ಮ ದಾಯಾದಿದು."

೨. ಹುಡುಗೂರ ಇಲ್ಲದ ಊರು

ಹೊತ್ತು ಏರಿತು, ಮಂಜು ಕರಗಿತು, ಗಂಟಲ ಒಣಗಿತು. ಮುಂದ ಒಂದು ಸಣ್ಣ ಹಳ್ಳಿ ಬಂತು. ದೂರಿಂದ ನೋಡಿದಾಗ ಅಗಸಿ ಮುಂದ ಹೆಣ್ಣಮಕ್ಕಳು ಇದ್ರು, ಹುಡುಗೂರು ಗೋಲಿ ಆಡಾಕತ್ತಿದ್ರು. ನಾ ಗಂಟಿ ಬಾರಿಸಿದ್ನಿ. ಊರೊಳಗ ಬಂದು ನೋಡತೇನಿ, ಗೋಲಿ ಅಷ್ಟ ಬಿದ್ದಾವು, ಮಂದಿ ಇಲ್ಲ. ಬಾಗಲಾ ಎಲ್ಲಾ ಹಾಕ್ಯಾವು. ಒಲಿ ಮ್ಯಾಲಿನ ರೊಟ್ಟಿ ಹೊತ್ತಿದ ವಾಸನಿ ಬರಾಕತ್ತೈತಿ, ತಿರುವಿ ಹಾಕವರಿಲ್ಲ.

ನನಗ ಸಂಶೇ ಬರಬೇಕಿತ್ತು, ಬರಲಿಲ್ಲ. ತಲಿ ಇನ್ನೂ ಸಮುದ್ರದಾಗ ಇತ್ತು. ಇದು ನಿರ್ಜನ ದ್ವೀಪ ಇರಬೇಕು ಅಂದ್ಕೊಂಡು ಆರಾಮ ಒಂದು ಕಟ್ಟಿ ಮ್ಯಾಲ ಕುಂತ್ನಿ. ಆಗ ಒಬ್ಬ ಕಾಕಾ ಧೈರ್ಯ ಮಾಡಿ ಹೊರಗ ಬಂದ.

"ಸಾಹೇಬರ, ನಮ್ಮೂರಾಗ ಹುಡುಗೂರ ಇಲ್ರಿ," ಅಂದ.

ಅಷ್ಟರಾಗ ಅವನ ಹಿಂದಿದ್ದ ಕಾಳಿನ ಕಣಜದೊಳಗ ಯಾರೋ ಸೀನಿದ್ರು. ಕಾಕಾ ಮಾರಿ ಬದಲಿಸಲಿಲ್ಲ. ಅದು ಬೆಕ್ಕು ಅಂದ. ಕಣಜದೊಳಗಿಂದ, ನಾ ಬೆಕ್ಕಲ್ಲ, ಅಂತ ಅಳೂ ದನಿ ಬಂತು.

ಆಮ್ಯಾಲ ತಿಳೀತು. ದೇವಿ ಬ್ಯಾನಿ, ಅಂದ್ರ ಸಿಡಬು, ಬರಬಾರದಂತ ಹುಡುಗೂರ ರಟ್ಟಿಗೆ ಚುಚ್ಚಿ ಔಷಧ ಹಾಕೋ ಒಬ್ಬ ಸರಕಾರಿ ಮನುಷ್ಯಾ ಆ ಸೀಮಿಯೊಳಗ ತಿರಗತಿದ್ದ. ದೇವಿ ಹಾಕಾವ ಅಂತ ಅವಗ ಹೆಸರು. ಅವಂದೂ ಖಾಕಿ ಕೋಟು, ಅವಂದೂ ದುಂಡನ ಟೊಪಗಿ, ಅವನ ಸೈಕಲ್ಲಿಗೂ ಹಿಂದ ತಗಡಿನ ಡಬ್ಬಿ. ಅವ ಚುಚ್ಚಿದ್ರ ರಟ್ಟಿ ಬಾತು ಎಂಟು ದಿನ ಜ್ವರ ಬರತಿದ್ವು, ಅದಕ್ಕ ಅವನ ಗಂಟಿ ಕೇಳಿದ ಕೂಡಲೆ ಊರಿಗೆ ಊರ ಅಡಗತಿತ್ತು. ನಾ ಅವನಲ್ಲ ಮಾರಾಯಾ, ನಾ ಸಾಲಿ ಮಾಸ್ತರ ಅಂತ ಆ ಕಾಕಾಗ ಆಣಿ ಮಾಡಿ ಹೇಳಿದ್ನಿ.

ಕಾಕಾನ ಮಾರಿ ಇನ್ನೂ ಸಣ್ಣಾತು. ದೇವಿ ಹಾಕಾವ ಚುಚ್ಚಿ ಬಿಟ್ಟು ಹೋಗತಾನ್ರಿ, ಮಾಸ್ತರ ಹಿಡದು ಸಾಲ್ಯಾಗ ಹಾಕತಾನ ಅಂದು, ಒಳಗ ಹೋಗಿ ಈ ಸಲ ಅಗಳಿನೂ ಹಾಕ್ಕೊಂಡ.

೩. ಟೊಪಗಿ ತೆಗದ್ನಿ

ಗೋಕಾಕ ಫಾಲ್ಸಿಗೆ ಬಂದಾಗ ಸೂರ್ಯಾ ಇನ್ನೂ ನೆತ್ತಿಗೆ ಬಂದಿರ್ಲಿಲ್ಲ. ಮಳಿಗಾಲದ ಅಬ್ಬರ ಇಲ್ಲ, ನೀರು ಸಣ್ಣಗ, ಹಾಲಿನಗತೆ ಇಳ್ಯಾಕತ್ತಿತ್ತು. ಒಂದು ಬಂಡಿಗಲ್ಲಿನ ನೆರಳಾಗ ಕುಂತು ಕಟಗೊಂಡು ಬಂದ ರೊಟ್ಟಿ, ಶೇಂಗಾ ಹಿಂಡಿ ತಿಂದ್ನಿ. ನೀರಿನ ಸಪ್ಪಳ ಕೇಳಕೋತ ಎರಡ ಮಿನೀಟು ಕಣ್ಣು ಮುಚ್ಚಿದ್ನಿ. ಕನಸಿನ್ಯಾಗ ನಾ ಖರೇನ ಒಂದು ದ್ವೀಪ ಸುತ್ತು ಹಾಕಾಕತ್ತಿದ್ನಿ. ಸೈಕಲ್ಲಿನ ಮುಂದಿನ ದಂಡದ ಮ್ಯಾಲ ನನ್ನ ತಂಗಿ, ಸಣ್ಣಾಕಿ, ಎರಡು ಜಡಿ ಹಾಕ್ಕೊಂಡಾಕಿ, ಕುಂತಿದ್ಲು. ಇನ್ನೂ ಜೋರ ಹೊಡಿ ಅಣ್ಣಾ, ಹೊತ್ತು ಮುಳುಗತೈತಿ ಅಂದ್ಲು.

ಧಡಕ್ಕನ ಎದ್ನಿ. ನೆರಳು ನನ್ನ ಬಿಟ್ಟು ಎಷ್ಟೋ ದೂರ ಹೋಗಿತ್ತು. ಮೂರನೇ ಸಲನೂ ತಪ್ಪಿಸಿದ್ರ ತಂಗಿ ಮುಂದ ಮಾರಿ ತೋರಸೂದು ಹೆಂಗ?

ಗೋಕಾಕ ಪ್ಯಾಟಿಯೊಳಗ ಕರದಂಟು ತಗೊಳ್ಳಾರದ ಮುಂದ ಹೋಗಾಕ ಬರೂದಿಲ್ಲ, ಬೀಗರ ಮನಿಗೆ ಬರಿಗೈಲೆ ಹೋಗೂದುಂಟೇನು. ಊರ ಹೊರಗ ಟೊಪಗಿ ತೆಗದು ಕೋಟಿನ್ಯಾಗ ತುರಕಿ, ಬರೀ ತಲಿಲೆ ಅಂಗಡಿಗೆ ಹೋದ್ನಿ. ಅಂಗಡಿಕಾರ ನನ್ನ ನೋಡಿದ್ದ, ಮೊಮ್ಮಗನ್ನ ಗಲ್ಲಾ ಕೆಳಗ ತುರಕಿದ. ಎರಡು ಶೇರು ಕರದಂಟು ಕಟ್ಟಿಕೊಟ್ಟು, ಮ್ಯಾಲ ಒಂದು ದೊಡ್ಡ ತುಂಡು ಸುಮ್ಮನ ಇಟ್ಟ. ಇದು ಯಾಕ್ರಿ ಅಂತ ಕೇಳಿದ್ನಿ.

"ಟೊಪಗಿ ತೆಗದ್ರ ಗುರುತು ಸಿಗೂದಿಲ್ಲಂತ ತಿಳದೀರೇನ್ರಿ? ಸೈಕಲ್ಲ ಹೇಳತೈತಿ. ಇದು ನೀವು ತಿನ್ರಿ, ನಮ್ಮ ಮೊಮ್ಮಗನ ಹೆಸರಿನ ಮುಂದ ದೇವಿ ಹಾಕೇನಿ ಅಂತ ಬರಕೊಳ್ರಿ."

ತಿಳಿಸಿ ಹೇಳಾಕ ಹೊತ್ತಿರ್ಲಿಲ್ಲ. ಆ ತುಂಡು ದಾರ್ಯಾಗ ತಿಂದ್ನಿ. ಅಂಟು, ಕೊಬ್ಬರಿ, ಬೆಲ್ಲ ಎಲ್ಲಾ ಸರಿ ಬಿದ್ದಿತ್ತು. ಲಂಚ ಇಷ್ಟು ರುಚಿ ಇರತೈತಿ ಅಂತ ಗೊತ್ತಿದ್ರ ನಾ ಮಾಸ್ತರಕಿ ಯಾಕ ಹಿಡೀತಿದ್ನಿ?

೪. ಜ್ವಾಳದ ಹೊಲದಾಗ ಜಾವಳ

ಹೊಳಿ ದಾಟಿದ ಮ್ಯಾಲ ಒಂದು ಸೋಜಿಗ ಕಂಡ್ನಿ. ಬಲಕ್ಕ ಹೊಳಿ, ಎಡಕ್ಕ ಧುಪದಾಳದ ಒಡ್ಡಿನಿಂದ ಬಂದ ಕಾಲುವಿ. ನಡುವ ನಾ, ನನ್ನ ಸೈಕಲ್ಲು, ಎರಡೂ ಕಡೆ ಆಳೆತ್ತರ ಬಿಳಿಜ್ವಾಳ. ಎರಡೂ ಬಾಜೂ ನೀರು. ಗಾಳಿ ಬೀಸಿದ್ರ ಜ್ವಾಳದ ತೆನಿ ತೆರಿಗತೆ ಏಳತಿದ್ವು. ಅವಸರ ಇತ್ತು, ಆದ್ರೂ ಒಂದು ಗಳಿಗಿ ಇಳದು ನಿಂತ್ನಿ. ಇಷ್ಟು ವರ್ಷ ಬೋರ್ಡಿನ ಮ್ಯಾಲ ಬರದ ದ್ವೀಪದಾಗ ಇವತ್ತು ನಾನ ನಿಂತೇನಿ ಅನಸಿತು. ಅಲ್ಲೇ ಕುರಿ ಕಾಯಾಕತ್ತಿದ್ದ ಒಬ್ಬ ಮುದುಕ ನನ್ನ ನೋಡಿ, ಕುರಿ ಅಲ್ಲೇ ಬಿಟ್ಟು, ಹೊಲದಾಗ ಅಡ್ಡಹಾದಿ ಹಿಡದು ಓಡಿದ. ಪಾಪ, ಏನು ಅವಸರೋ ಅಂದ್ಕೊಂಡ್ನಿ.

ಮೂಡಲಗಿಗೆ ಬಂದಾಗ ಸೂರ್ಯಾ ಎರಡು ಮೊಳದಷ್ಟ ಉಳದಿದ್ದ. ತಂಗಿ ಓಣ್ಯಾಗ ಒಂದು ನಾಯಿ ಸುದ್ದಾ ಇಲ್ಲ. ಮನಿ ಅಂಗಳದಾಗ ರಂಗೋಲಿ, ಕುಂಡ್ರೋ ಮಣಿ, ಆರತಿ ತಾಟು, ಹೋಳಿಗಿ ವಾಸನಿ ಎಲ್ಲಾ ಇತ್ತು, ಮನಿಮಂದಿ ಇರ್ಲಿಲ್ಲ. ಕೂದಲ ತೆಗಿಯೋ ಹಡಪದಜ್ಜ ಒಬ್ಬ ಕತ್ತಿ ಮಸೀಕೋತ ಕುಂತಿದ್ದ. ಎಲ್ಲಾರೂ ಎಲ್ಲಿ ಹೋದ್ರು ಅಂತ ಕೇಳಿದ್ನಿ.

"ದೇವಿ ಹಾಕಾವ ಬರಾಕತ್ಯಾನಂತ ಕುರಿ ಮುದುಕ ಹೇಳಿದ್ರಿ. ಎಲ್ಲಾ ಹಿತ್ತಲ ಜ್ವಾಳದಾಗ ಹೊಕ್ಕಾರ. ನಂಗ ವಯಸ್ಸಾತು, ಚುಚ್ಚಿದ್ರ ಚುಚ್ಚಲಿ ಅಂತ ಕುಂತೇನಿ."

ಹಿತ್ತಲಕ್ಕ ಓಡಿದ್ನಿ. ಜ್ವಾಳದ ಮುಂದ ನಿಂತು, ತಂಗೀ, ನಾನು, ನಿಮ್ಮಣ್ಣ ಅಂತ ಒದರಿದ್ನಿ. ಜ್ವಾಳದೊಳಗಿಂದ ತಂಗಿ ಅತ್ತಿ ದನಿ ಬಂತು. ಇವನೌನ, ನಮ್ಮ ಸೊಸಿಗೆ ಅಣ್ಣ ಅದಾನಂತನೂ ಕೇಳಕೊಂಡು ಬಂದಾನ, ಬಾಳ ಶಾಣ್ಯಾ, ಯಾರೂ ಏಳಬ್ಯಾಡ್ರಿ ಅಂದ್ರು.

ಸೂರ್ಯಾ ಒಂದು ಮೊಳಕ್ಕ ಬಂದ. ಆಗ ತಂಗಿ ಒಳಗಿಂದನ ಕೇಳಿದ್ಲು.

"ನನ್ನ ಮದವಿ ದಿನ ನಮ್ಮಣ್ಣ ಯಾಕ ಅತ್ತಿದ್ದ, ಹೇಳು ನೋಡೂಣು?"

"ಬುಂದೇ ಲಾಡು ತೀರಿದ್ವು ಅಂತ ಅತ್ನಿ ಅಂತ ಎಲ್ಲಾರಿಗೂ ಹೇಳಿದ್ನಿ," ಅಂದ್ನಿ. "ಸುಳ್ಳು ಹೇಳಿದ್ನೆವ್ವಾ. ನೀ ಹೊಂಟಿದ್ದಿ ಅಂತ ಅತ್ತಿದ್ನಿ."

ಜ್ವಾಳ ಸರದಾಡಿತು. ತಲಿ ತುಂಬ ಜ್ವಾಳದ ಎಲಿ ಹಚಗೊಂಡು ತಂಗಿ ಹೊರಗ ಬಂದ್ಲು, ಬಂದಾಕಿನ ನನ್ನ ಕೋಟು ಹಿಡಕೊಂಡು ಅತ್ಲು. ನಾನೂ ಅತ್ನಿ. ಈ ಸಲ ಲಾಡಿನ ನೆವಾ ಹೇಳಲಿಲ್ಲ.

ಆದ್ರ ಅಳಿಯ ಹೊರಗ ಬರವಲ್ಲ. ಎರಡು ದಂಟು ತಬ್ಬಿ ಹಿಡಕೊಂಡು ಕುಂತುಬಿಟ್ಟಾನ. ಹೊತ್ತು ನಿಲ್ಲೂದಿಲ್ಲ, ಮತ್ತೇನು ಮಾಡೂದು? ಹಡಪದಜ್ಜನ್ನ ಅಲ್ಲೇ ಕರಸಿದ್ವಿ. ನಾ ಜ್ವಾಳದ ಸಾಲಾಗ ಕುಂತು ಕೂಸಿನ್ನ ತೊಡಿ ಮ್ಯಾಲ ಎತಗೊಂಡ್ನಿ. ಹುಡುಗನ ಸೋದರತ್ತಿ ಕೂದಲಿಗೆ ಸೆರಗು ಒಡ್ಡಿದ್ಲು. ಹುಡುಗ ಎರಡೂ ಕೈಲೆ ತನ್ನ ಎರಡೂ ರಟ್ಟಿ ಗಟ್ಟಿ ಹಿಡಕೊಂಡು ಕುಂತಿದ್ದ. ಕಡೀ ಕೂದಲ ಬೀಳೂದಕ್ಕ ಸೂರ್ಯಾ ಮುಳುಗೂದಕ್ಕ ಸರಿ ಆತು. ಡಬ್ಬಿ ತೆಗದು ಓಣಿ ಹುಡುಗೂರಿಗೆಲ್ಲಾ ಕೈಗೊಂದೊಂದು ಕರದಂಟು ಕೊಟ್ನಿ.

ಅಳಿಯ ಬೋಳ ತಲಿ ಸವರಿಕೊಂಡು, ರಟ್ಟಿ ತಿರಿಗಿಸಿ ನೋಡಿಕೊಂಡು, ಅವ್ವನ ಕಿವಿಯಾಗ ಹೇಳಿದ. ಈ ದೇವಿ ಹಾಕಾವ ಚೊಲೋ ಅದಾನವ್ವಾ, ಕೂದಲ ಅಷ್ಟ ತಗೊಂಡ.

೫. ಎರಡನೇ ಸಲ ಹೋಗಲಾರದ ಹೋಗಿದ್ದು

ಇದಾಗಿ ಒಂದು ತಿಂಗಳಿಗೆ ಹುಕ್ಕೇರಿಯೊಳಗ ಒಬ್ಬಾವ ನನ್ನ ಸೈಕಲ್ ಬಾಜೂ ತನ್ನ ಸೈಕಲ್ ನಿಲ್ಲಿಸಿದ. ಅದ ಕೋಟು, ಅದ ಟೊಪಗಿ, ಅದ ಡಬ್ಬಿ. ಖರೇ ದೇವಿ ಹಾಕಾವ. ಮನುಷ್ಯಾ ಕನಸು ಕಂಡಾವನಂಗ ಮಾತಾಡಿದ. ಹತ್ತೂರು ತಿರಗೇನ್ರಿ ಮಾಸ್ತರ, ಎಲ್ಲಿ ಹೋದ್ರೂ ಬಾಗಲಾ ಹಾಕತಾರ, ಒಂದೂರಾಗ ನಾಯಿ ಬಿಟ್ರು. ಮೂಡಲಗಿಯೊಳಗ ಒಂದು ಓಣಿ ಐತಿ ನೋಡ್ರಿ, ಕಾಲಿಗೆ ನೀರು ಕೊಟ್ರು, ಕಂಬಳಿ ಹಾಸಿದ್ರು, ತುಪ್ಪ ಸುರದು ಹೋಳಿಗಿ ಹಾಕಿದ್ರು. ನಾ ಡಬ್ಬಿ ಮುಚ್ಚಳ ತೆಗಿಯೂದ ತಡ, ಹುಡುಗೂರೆಲ್ಲಾ ಸಾಲಾಗಿ ನಿಂತು ತಾವ ಕೈ ಚಾಚಿದ್ರು. ಒಂದು ಗಳಿಗಿಯೊಳಗ ಇಡೀ ಓಣಿ ಮುಗಸಿದ್ನಿ ಅಂತ ಹೇಳಿ ಕಣ್ಣು ಒರಸಿಕೊಂಡ. ನಾ ಅವಗ ಚಾ ಕುಡಿಸಿದ್ನಿ.

ಮರುವಾರ ತಂಗಿ ಕಾಗದ ಬಂತು. "ಅಣ್ಣಾ, ಅವತ್ತು ನಾ ಹೊಲಕ್ಕ ಹೋಗಿದ್ನಿ. ಅತ್ತಿಗೆ ಕಣ್ಣು ಮಸಕು, ಸೈಕಲ್ ಗಂಟಿ ಕೇಳಿ ನೀನ ಬಂದಿ ಅಂತ ಓಣಿಗೆಲ್ಲಾ ಸಾರ್ಯಾರ. ಹುಡುಗೂರ ರಟ್ಟಿ ಆರ್ಯಾವು, ಎಲ್ಲಾರೂ ಆರಾಮ. ಅತ್ತಿ ಸಿಟ್ಟು ಮಾತ್ರ ಆರಿಲ್ಲ. ನಿಮ್ಮಣ್ಣ ಮೊದಲನೇ ಸಲ ಬಂದಾಗ ಚೊಲೋ ಇದ್ದ, ಎರಡನೇ ಸಲ ಹೋಳಿಗಿ ತಿಂದು ಹಿಂಗ ಮಾಡಬಾರದಿತ್ತು ಅಂತಾರ. ನೀ ಅಲ್ಲ ಅಂತ ಎಷ್ಟು ಹೇಳಿದ್ರೂ ಕೇಳವಲ್ರು, ಯಾಕಂದ್ರ ಕರದಂಟಿಗಂತ ಎಲ್ಲಾರಕಿಂತ ಮೊದಲ ಕೈ ಚಾಚಿ ಚುಚ್ಚಿಸಿಕೊಂಡವರು ಅವರ."